ಚಳಿಗಾಲದ ಅತ್ತರಿನಲ್ಲಿ ನಮ್ಮ ಬೇಲಿಯ ಮರ

ಹಣ್ಣು, ತರಕಾರಿಗೆ ಒಂದು ಕಾಲ ಇರುವ ಹಾಗೆ ಉತ್ತರ ಪ್ರದೇಶದ ಕನೌಜಿನಲ್ಲಿ ಅತ್ತರಿಗೂ ಒಂದು ಕಾಲ ಇದೆ. ಬೇಸಿಗೆಯಲ್ಲಿ ಅಲ್ಲಿಯವರು ಲಾವಂಚ, ಗುಲಾಬಿ, ಕೇದಗೆಯ ಅತ್ತರು ಹಚ್ಚುತ್ತಾರೆ. ಮಳೆ ಬಿದ್ದ ಮಣ್ಣಿನ ವಾಸನೆಯ ಅತ್ತರೂ ಅಲ್ಲಿ ಸಿಗುತ್ತದೆ. ಚಳಿ ಶುರುವಾಗಿ ಶಾಲು, ರಜಾಯಿ ಹೊರಗೆ ಬಂದ ಮೇಲೆ ಹಿನಾ, ಶಮಾಮಾ, ಊದ್ ಅತ್ತರುಗಳ ಸರದಿ. ಇವು ಮರ, ಬೇರು, ಮಸಾಲೆಗಳ ಭಾರವಾದ ವಾಸನೆಯವು, ಬೆಲೆಯಲ್ಲೂ ಭಾರ. ಒಂದು ಹನಿ ಅತ್ತರನ್ನು ಹತ್ತಿಗೆ ತಾಗಿಸಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದು ಹಳೆಯ ರೂಢಿ.

ಉಳ್ಳವರ ಈ ಅತ್ತರಿಗೂ ನಮ್ಮ ಹಳ್ಳಿಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹತ್ತಿರದ್ದೇ. ಈ ಅತ್ತರುಗಳಿಗೆಲ್ಲ ಆಧಾರವಾಗಿದ್ದದ್ದು ಶ್ರೀಗಂಧದ ಎಣ್ಣೆ. ಆ ಮರ ಬೆಳೆದದ್ದು ನಮ್ಮ ಬೇಲಿ, ಬದುಗಳಲ್ಲಿ. ಆದರೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆ ಮರ ನಮ್ಮದಾಗಿರಲಿಲ್ಲ.

ಚಳಿಗೆ ಭಾರದ ವಾಸನೆ ಏಕೆ?

ವಾಸನೆ ಮೂಗಿಗೆ ಬರಬೇಕಾದರೆ ಅದು ಆವಿಯಾಗಿ ಗಾಳಿಗೆ ಸೇರಬೇಕು. ನಿಂಬೆ, ಕಿತ್ತಳೆಯಂಥ ವಾಸನೆಗಳ ಕಣಗಳು ಸಣ್ಣವು, ಬೇಗ ಹಾರಿಹೋಗುತ್ತವೆ. ಮರದ ವಾಸನೆಯ ಕಣಗಳು ದೊಡ್ಡವು, ನಿಧಾನಕ್ಕೆ ಏಳುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಭಾರದ ಅತ್ತರು ಹಚ್ಚಿದರೆ ಪಕ್ಕದವರಿಗೆ ಉಸಿರು ಕಟ್ಟುತ್ತದೆ. ಅದೇ ಅತ್ತರು ಡಿಸೆಂಬರಿನ ಚಳಿಯಲ್ಲಿ ಮೈಯ ಬಿಸಿಗೆ ಸ್ವಲ್ಪಸ್ವಲ್ಪವೇ ಏಳುತ್ತದೆ. ಶಾಲಿನ ಮಡಿಕೆಯಲ್ಲಿ ಮಾರನೇ ದಿನವೂ ಉಳಿದಿರುತ್ತದೆ.

ಇದು ಹೊಸ ತಿಳಿವಳಿಕೆ ಅಲ್ಲ. ಚರಕ ಸಂಹಿತೆಯಲ್ಲಿ ಯಾವ ಋತುವಿನಲ್ಲಿ ಹೇಗಿರಬೇಕು ಎಂದು ಹೇಳುವ ಭಾಗ ಇದೆ. ಚಳಿಗಾಲಕ್ಕೆ ಅಗರು ಮರದ ದಪ್ಪ ಲೇಪ, ಬೇಸಿಗೆಗೆ ಗಂಧದ ಲೇಪ ಎಂದು ಅದು ಹೇಳುತ್ತದೆ. ಮೇಲೆ ಹೇಳಿದ ಊದ್ ಎಂದರೆ ಇದೇ ಅಗರು. ನಮ್ಮ ನಾಡಿನಲ್ಲೂ ಇದರ ದಾಖಲೆ ಇದೆ. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮೈಗೆ ಪೂಸುವ ಸುಗಂಧಗಳಿಗೇ ಒಂದು ಅಧ್ಯಾಯ ಇದೆ.

ಗಂಧ ತಂಪು, ಬೇಸಿಗೆಯದು ಎಂದಾದರೆ ಚಳಿಗಾಲದ ಅತ್ತರಿನಲ್ಲಿ ಅದಕ್ಕೇನು ಕೆಲಸ? ಉತ್ತರ ಕನೌಜಿನ ಭಟ್ಟಿಯಲ್ಲಿದೆ.

ಹಿಡಿದಿಡುವ ಎಣ್ಣೆ

ಅಲ್ಲಿ ದೊಡ್ಡ ತಾಮ್ರದ ಹಂಡೆಗೆ ಹೂವು ಅಥವಾ ಮಸಾಲೆ, ನೀರು ಹಾಕಿ, ಮುಚ್ಚಳಕ್ಕೆ ಮಣ್ಣು ಮೆತ್ತಿ, ಕೆಳಗೆ ಬೆಂಕಿ ಹಾಕುತ್ತಾರೆ. ಹಂಡೆಗೆ ಹೆಸರು ‘ದೇಗ್’. ಆವಿ ಬಿದಿರಿನ ಕೊಳವೆಯಲ್ಲಿ ಹಾದು ತಣ್ಣೀರಿನಲ್ಲಿ ಇಟ್ಟ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಅದಕ್ಕೆ ‘ಭಪ್ಕಾ’ ಎನ್ನುತ್ತಾರೆ. ಆ ಪಾತ್ರೆಯಲ್ಲಿ ಮೊದಲೇ ಗಂಧದ ಎಣ್ಣೆ ಇರುತ್ತಿತ್ತು. ಬೇಗ ಹಾರಿಹೋಗುವ ವಾಸನೆಯನ್ನು ಅದು ಹೀರಿ ಹಿಡಿದಿಡುತ್ತಿತ್ತು.

ಶಮಾಮಾಕ್ಕೆ ಹತ್ತಾರು ಬಗೆಯ ಸಾಮಾನು ಬೇಕು. ಲವಂಗ, ಏಲಕ್ಕಿ, ಜಾಯಿಕಾಯಿ, ಜಟಾಮಾಂಸಿ, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವು ಕೂಡ ಅದರಲ್ಲಿ ಸೇರುತ್ತದೆ. ಇಷ್ಟೆಲ್ಲವನ್ನೂ ಒಂದೇ ವಾಸನೆಯಾಗಿ ಕೂಡಿಸುವ ಕೆಲಸ ಗಂಧದ ಎಣ್ಣೆಯದು. ದಕ್ಷಿಣದ ಗಂಧವಿಲ್ಲದೆ ಉತ್ತರದ ಹಳೆಯ ಅತ್ತರು ಇರಲಿಲ್ಲ.

ದೊರೆಯ ಮರ

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜಮರ ಎಂದು ಸಾರಿದ. ಮರ ಯಾರ ಜಮೀನಿನಲ್ಲಿದ್ದರೂ ಒಡೆತನ ಅರಸನದು. 1799ರಲ್ಲಿ ಟಿಪ್ಪು ಮಡಿದ. ಆಳ್ವಿಕೆ ಬದಲಾಯಿತು, ಈ ನಿಯಮ ಬದಲಾಗಲಿಲ್ಲ. ಮೈಸೂರು ಸರ್ಕಾರಕ್ಕೆ ಗಂಧ ದೊಡ್ಡ ಆದಾಯವಾಗಿತ್ತು.

ಆಗ ಎಣ್ಣೆ ತೆಗೆಯುವ ಕೆಲಸ ಹೆಚ್ಚಾಗಿ ಇಲ್ಲಿ ನಡೆಯುತ್ತಿರಲಿಲ್ಲ. ಮರ ಹರಾಜಾಗಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಯ ದಾರಿ ಮುಚ್ಚಿತು, ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರ ಹೊತ್ತಿಗೆ ಇಲ್ಲೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ತಜ್ಞರು ಅದಕ್ಕೆ ನೆರವಾದರು. ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಬಂತು. 1918ರಲ್ಲಿ ಸೋಪು, 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ. ‘ಮೈಸೂರು’ ಎಂಬ ಹೆಸರು ಜಗತ್ತಿನ ಸುಗಂಧ ತಯಾರಕರ ಬಾಯಲ್ಲಿ ಅತ್ಯುತ್ತಮ ಗಂಧದ ಗುರುತಾಯಿತು.

ಅದು ಎಷ್ಟು ದೂರ ಹೋಯಿತು ಎಂಬುದಕ್ಕೆ ಒಂದು ಉದಾಹರಣೆ. ಪ್ಯಾರಿಸಿನ ಗೆರ್ಲೇನ್ ಕಂಪನಿ 1989ರಲ್ಲಿ ಗಂಧ ಮತ್ತು ಮಲ್ಲಿಗೆಯನ್ನು ಮುಖ್ಯವಾಗಿಟ್ಟುಕೊಂಡು ಒಂದು ದುಬಾರಿ ಸುಗಂಧ ತಂದಿತು. ಚಳಿ ದೇಶದ ಕೋಟಿನ ಮೇಲೆ ಒಪ್ಪುವ ಗಾಢ ವಾಸನೆ ಅದು. ಅದರ ಹೆಸರು ‘ಸಂಸಾರ’. ಹೆಸರೂ ನಮ್ಮದು, ಗಂಧವೂ ನಮ್ಮದು!

ಸಸಿ ಕಿತ್ತವರು ಯಾರು?

ಮೈಸೂರಿನ ಹೆಸರು ಹೀಗೆ ಬೆಳೆಯುತ್ತಿದ್ದಾಗ ಇಲ್ಲಿ ಮರ ಕಡಿಮೆಯಾಗುತ್ತಿತ್ತು. ಗಂಧದ ಮರವನ್ನು ಬೇರುಸಹಿತ ಕೀಳುತ್ತಾರೆ, ಬೇರಿನಲ್ಲೇ ಎಣ್ಣೆ ಹೆಚ್ಚು. ಕಿತ್ತ ಮೇಲೆ ಬುಡದಿಂದ ಮತ್ತೆ ಚಿಗುರಲು ಏನೂ ಉಳಿಯುವುದಿಲ್ಲ. 1899ರಲ್ಲಿ ಕೊಡಗಿನಲ್ಲಿ ಕಂಡ ಸ್ಪೈಕ್ ರೋಗ ಕಾಡುಗಳಲ್ಲಿ ಹಬ್ಬಿತು. ಆಮೇಲೆ ಕಳ್ಳಸಾಗಣೆ ಬಂತು, ವೀರಪ್ಪನ್ ಕಾಲವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ.

ಇವೆಲ್ಲ ಪತ್ರಿಕೆಗಳಲ್ಲಿ ಬಂದ ಕಾರಣಗಳು. ಅಷ್ಟಾಗಿ ಸುದ್ದಿಯಾಗದ ಇನ್ನೊಂದು ಕಾರಣ ನಮ್ಮ ಊರುಗಳಲ್ಲೇ ಇತ್ತು. ಗಂಧದ ಬೀಜ ಬಿತ್ತುವುದು ಹಕ್ಕಿಗಳು. ಹಣ್ಣು ತಿಂದು ಬೇಲಿಯ ಮೇಲೆ ಕೂತಾಗ ಬೀಜ ಬೀಳುತ್ತದೆ, ಸಸಿ ಏಳುತ್ತದೆ. ರೈತನಿಗೆ ಖರ್ಚಿಲ್ಲದ ಮರ. ಆದರೆ ಮರ ಸರ್ಕಾರದ್ದು, ಕಾಯುವ ಹೊಣೆ ಮಾತ್ರ ಜಮೀನಿನವನದು. ರಾತ್ರಿ ಯಾರೋ ಕಡಿದುಕೊಂಡು ಹೋದರೆ ಬೆಳಿಗ್ಗೆ ವಿಚಾರಣೆಗೆ ನಿಲ್ಲಬೇಕಾದವನೂ ಅವನೇ. ಹಾಗಾಗಿ ನಮ್ಮ ಬಳಗದ ಹಲವರ ಮನೆಯಲ್ಲಿ ಕೇಳಿ ಬೆಳೆದ ಮಾತು ಒಂದೇ: ‘ಗಂಧದ ಸಸಿ ಕಂಡರೆ ಎರಡೆಲೆ ಇರುವಾಗಲೇ ಕಿತ್ತುಬಿಡು.’ ಅವರನ್ನು ತಪ್ಪು ಎನ್ನುವುದು ಹೇಗೆ? ತನ್ನದಲ್ಲದ ಮರಕ್ಕೆ ಯಾರು ನೀರು ಹಾಕುತ್ತಾರೆ?

ಅದರ ಪರಿಣಾಮ ಕನೌಜಿಗೂ ತಲುಪಿತು. ಗಂಧದ ಎಣ್ಣೆಯ ಬೆಲೆ ಏರಿದ ಹಾಗೆ ಅಲ್ಲಿನ ಅನೇಕರು ಭಪ್ಕಾದಲ್ಲಿ ಪ್ಯಾರಾಫಿನ್ ಎಣ್ಣೆ ಇಡಲು ಶುರುಮಾಡಿದರು. ವಿದೇಶದ ಕಂಪನಿಗಳು ಪ್ರಯೋಗಾಲಯದಲ್ಲಿ ತಯಾರಾದ ಗಂಧದ ವಾಸನೆಯನ್ನು ಹೆಚ್ಚಾಗಿ ಬಳಸಿದವು. ಆಸ್ಟ್ರೇಲಿಯಾದಲ್ಲಿ ನಮ್ಮದೇ ಜಾತಿಯ ಗಂಧದ ದೊಡ್ಡ ತೋಟಗಳು ಎದ್ದವು. ಇಂದು ಪೇಟೆಯಲ್ಲಿ ‘ಗಂಧ’ ಎಂದು ಬರೆದ ಅಗ್ಗದ ಬಾಟಲಿಯಲ್ಲಿ ಗಂಧದ ಮರದ ಎಣ್ಣೆ ಇರುವುದು ಅಪರೂಪ.

ಈಗ ಮರ ನಿಮ್ಮದು

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನಲ್ಲಿರುವ ಗಂಧದ ಮರಕ್ಕೆ ಜಮೀನಿನವನೇ ಒಡೆಯನಾದ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಇಂದಿಗೂ ಬೇಕು. ಆದರೂ 1792ರಿಂದ ನಡೆದುಬಂದದ್ದು ಆ ವರ್ಷ ಮುರಿಯಿತು.

ಗಂಧ ಹಾಕಬೇಕು ಎಂದಿರುವವರು ಮೂರು ಮಾತು ನೆನಪಿಡಿ. ಒಂದು, ಗಂಧ ಒಂಟಿಯಾಗಿ ಬೆಳೆಯುವ ಮರ ಅಲ್ಲ. ಅದರ ಬೇರು ಪಕ್ಕದ ಗಿಡದ ಬೇರಿನಿಂದ ನೀರು, ಸತ್ವ ಹೀರುತ್ತದೆ. ಆದ್ದರಿಂದ ಮೊದಲಿಗೆ ತೊಗರಿಯಂಥ ಗಿಡ, ಆಮೇಲೆ ಜೊತೆಗೆ ಬೇರೆ ಮರ ಬೇಕು. ಎರಡು, ವಾಸನೆ ಇರುವುದು ಚೇಗಿನಲ್ಲಿ. ಅದು ಚೆನ್ನಾಗಿ ಬಲಿಯಲು ಹತ್ತಾರು ವರ್ಷ ಬೇಕು. ಕೆಲವೇ ವರ್ಷದಲ್ಲಿ ಎಕರೆಗೆ ಕೋಟಿ ಎಂದು ಯಾರಾದರೂ ಸಸಿ ಮಾರಲು ಬಂದರೆ ನಂಬಬೇಡಿ. ಮೂರು, ಮರಗಳನ್ನು ಪಹಣಿಯಲ್ಲಿ ಬರೆಸಿ. ಕಡಿಯುವ ದಿನ ಬಂದಾಗ ಮರ ನಿಮ್ಮದೆಂದು ತೋರಿಸಲು ಆ ದಾಖಲೆ ಬೇಕು. ಕಳ್ಳರ ಭಯ ಇನ್ನೂ ಹೋಗಿಲ್ಲ, ಕಾವಲಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈ ಚಳಿಗಾಲದಲ್ಲಿ ನಿಜವಾದ ಗಂಧದ ಎಣ್ಣೆ ಒಂದು ಹನಿ ಸಿಕ್ಕರೆ ಮಣಿಕಟ್ಟಿಗೆ ಹಚ್ಚಿ, ಉಜ್ಜದೆ ಬಿಡಿ. ಮೊದಲು ಮೆಲ್ಲಗಿರುತ್ತದೆ, ಹೊತ್ತು ಕಳೆದ ಹಾಗೆ ಹಾಲಿನಂಥ ಸಿಹಿ ವಾಸನೆ ಏಳುತ್ತದೆ. ಸಿಗದಿದ್ದರೂ ಪರವಾಗಿಲ್ಲ. ಹೊಲಕ್ಕೆ ಹೋದಾಗ ಬೇಲಿ ಒಮ್ಮೆ ನೋಡಿ. ಹಕ್ಕಿ ಬಿತ್ತಿದ ಎರಡೆಲೆಯ ಸಸಿ ಕಂಡರೆ, ಈ ಸಲ ಕೀಳಬೇಡಿ.