ಕೈರೋದ ಬೆಸ್ತ, ಹುಣಸೂರಿನ ಬ್ಯಾರನ್ನು

ಮೊನ್ನೆ ಅಜ್ಜಿಯ ತಿಥಿಗೆ ಊರಿಗೆ ಹೋಗಿದ್ದೆ. ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವಾಗ ಸಿಗೋ ಊರು ನಮ್ಮದು. ಸುತ್ತ ಎತ್ತ ನೋಡಿದರೂ ಹೊಗೆಸೊಪ್ಪು, ಹೊಲಕ್ಕೊಂದು ಬ್ಯಾರನ್ನು. ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಟ್ಟದ ಮೇಲಿದ್ದ ತಾತನ ಟ್ರಂಕು ಕೆಳಗಿಳಿಸಿದೆವು. ಹಳೇ ಹಾಜರಿ ಪುಸ್ತಕ, ಪಂಚಾಂಗ, ಗೆದ್ದಲು ತಿಂದ ಪಹಣಿ ನಕಲು, ಅದರಡಿಯಲ್ಲಿ ದಾರದಲ್ಲಿ ಹೊಲಿದ ಒಂದು ದಪ್ಪ ಕಟ್ಟು. ಮೊದಲಿನ ಎಷ್ಟೋ ಹಾಳೆ ಇಲ್ಲ. ಆದರೆ ಚಿತ್ರ ನೋಡಿದ ಕೂಡಲೇ ಗೊತ್ತಾಯ್ತು, ಚಂದಮಾಮ!

ನಮ್ಮಲ್ಲಿ ಬಹಳ ಜನ ಚಂದಮಾಮದ ಬಗ್ಗೆ ಬರೆದು ಕಣ್ಣೀರಿಟ್ಟಿದ್ದೀರಿ, ನಾನೂ ಓದಿ ತಲೆಯಾಡಿಸಿದ್ದೇನೆ. ಆದರೆ ಎಲ್ಲರೂ ಬೇತಾಳನಲ್ಲೇ ನಿಂತುಬಿಡ್ತೀರಿ :) ನಾನು ಹೇಳಹೊರಟಿರೋದು ಒಂದು ಧಾರಾವಾಹಿಯ ಕತೆ. ತೆಲುಗಿನಲ್ಲಿ ಅದರ ಹೆಸರು 'ಮುಗ್ಗುರು ಮಾಂತ್ರಿಕುಲು', ಅಂದರೆ ಮೂವರು ಮಾಂತ್ರಿಕರು. 1950ರ ದಶಕದ ಕೊನೆಯಲ್ಲಿ ಬಂದದ್ದು. ನಾನು ಹುಟ್ಟೋಕೆ ಸುಮಾರು ನಲವತ್ತು ವರ್ಷ ಮುಂಚೆ. ಆದರೂ ಕತೆ ನನಗೆ ಬಾಯಿಪಾಠ. ಯಾಕೆಂದರೆ ಅದನ್ನು ನಾನು ಓದಿರಲಿಲ್ಲ, ಕೇಳಿದ್ದೆ.

ಹೊಗೆಸೊಪ್ಪಿನ ಊರಿನವರಲ್ಲದವರಿಗೆ ಒಂದು ಮಾತು. ಕಿತ್ತ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ಸಾಲು ಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು ಐದಾರು ದಿನ ಹದ ಮಾಡಬೇಕು. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದೊಂದು ಹಂತಕ್ಕೂ ಒಂದೊಂದು ಶಾಖ. ರಾತ್ರಿ ಯಾರಾದರೂ ನಿದ್ದೆ ಹೋದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗಿ ಹರಾಜಿನಲ್ಲಿ ಕೇಳೋರಿಲ್ಲ. ಹಾಗಾಗಿ ರಾತ್ರಿಯೆಲ್ಲ ಒಬ್ಬರು ಎಚ್ಚರ ಇರಲೇಬೇಕು, ಎಚ್ಚರ ಇರೋಕೆ ಕತೆ ಬೇಕು. ನಮ್ಮ ಬ್ಯಾರನ್ನಿನಲ್ಲಿ ಕತೆ ಹೇಳೋಳು ಅಜ್ಜಿ. ಅವಳಿಗೆ ಓದೋಕೆ ಬರ್ತಿರಲಿಲ್ಲ. ತಾತ ಪ್ರೈಮರಿ ಸ್ಕೂಲ್ ಮೇಷ್ಟ್ರು, ಹುಣಸೂರು ಪೇಟೆಯಿಂದ ಚಂದಮಾಮ ತಂದು ಅವಳಿಗೆ ಓದಿ ಹೇಳ್ತಿದ್ದರಂತೆ.

ಅಜ್ಜಿ ಹೇಳೋ ಕತೆ ಹೀಗೆ ಶುರುವಾಗ್ತಿತ್ತು. ಒಬ್ಬ ಬೆಸ್ತರ ಹುಡುಗ. ತಾಯಿ ಇದ್ದಾಳೆ, ಕೆಲಸಕ್ಕೆ ಬಾರದ ಇಬ್ಬರು ಅಣ್ಣಂದಿರು ಇದ್ದಾರೆ. ಒಂದು ದಿನ ಕೆರೆ ದಂಡೆಗೆ ಯಾವನೋ ಮಾಂತ್ರಿಕ ಬರ್ತಾನೆ, ನನ್ನ ಕೈ ಕಟ್ಟಿ ನೀರಿಗೆ ಎಸೆ ಅಂತಾನೆ. ಕೈ ಮೇಲೆ ಬಂದರೆ ಬದುಕಿದೆ ಅಂತ ಬಲೆ ಹಾಕು, ಕಾಲು ಮೇಲೆ ಬಂದರೆ ಸತ್ತೆ ಅಂತ ತಿಳಿ. ಕಾಲು ಮೇಲೆ ಬರುತ್ತೆ. ಮಾರನೇ ದಿನ ಅವನ ತಮ್ಮ ಬರ್ತಾನೆ, ಅವನದ್ದೂ ಕಾಲು. ಮೂರನೆಯವನದ್ದು ಮಾತ್ರ ಕೈ! ನಾನು ಬೆಂಕಿ ಹತ್ತಿರ ಮುದುಡಿ ಕೂತು ಪ್ರತಿ ಸಲವೂ ಉಸಿರು ಹಿಡಿದಿರ್ತಿದ್ದೆ.

ಇದರ ಬೇರು ಎಲ್ಲಿದೆ ಅಂತ ಗೊತ್ತಾದದ್ದು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ. ಬಿಲ್ಡ್ ಓಡುವ ಹೊತ್ತಿನಲ್ಲಿ ರಿಚರ್ಡ್ ಬರ್ಟನ್ 1885ರಲ್ಲಿ ಹೊರತಂದ ಅರೇಬಿಯನ್ ನೈಟ್ಸ್ ಅನುವಾದ ಓದ್ತಿದ್ದೆ. 606ನೇ ರಾತ್ರಿ ಬಂತು. 'ಜೂದರ್ ಮತ್ತು ಅವನ ಅಣ್ಣಂದಿರು'. ಕೈರೋದ ಬೆಸ್ತ, ಕಾರೂನ್ ಕೆರೆ, ಹೇಸರಗತ್ತೆ ಮೇಲೆ ಬರುವ ಮಗ್ರಿಬಿ ಮಾಂತ್ರಿಕ, ಕೈ ಕಟ್ಟಿ ಎಸೆ ಅನ್ನೋ ಮಾತು. ಆಫೀಸಿನಲ್ಲಿ ಎದ್ದು ನಿಂತುಬಿಟ್ಟೆ. ಅಜ್ಜಿಯ ಕತೆ!

ಮೂಲ ಕತೆಯಲ್ಲಿ ಮಾಂತ್ರಿಕರು ನಾಲ್ವರು, ಎಲ್ಲ ಒಡಹುಟ್ಟಿದವರು. ಅಪ್ಪನೂ ದೊಡ್ಡ ಮಾಂತ್ರಿಕ. ಅವನು ಸತ್ತಾಗ ಬಿಟ್ಟುಹೋದ ಗ್ರಂಥಗಳನ್ನು ಮಕ್ಕಳು ಹಂಚಿಕೊಳ್ಳುತ್ತಾರೆ, ಒಂದೇ ಒಂದು ಗ್ರಂಥಕ್ಕೆ ಜಗಳ ಬೀಳುತ್ತೆ. ಅಪ್ಪನ ಗುರು ತೀರ್ಮಾನ ಕೊಡ್ತಾನೆ: ಶಮರ್ದಲನ ನಿಧಿ ತೆರೆದು ಅದರಲ್ಲಿರೋ ಉಂಗುರ, ಕತ್ತಿ, ಕಾಡಿಗೆ, ಆಕಾಶಗೋಲ ತಂದವನಿಗೆ ಗ್ರಂಥ. ಆದರೆ ಆ ನಿಧಿ ತೆರೆಯೋಕೆ ಯಾವ ಮಂತ್ರವೂ ಸಾಲದು, ಕೈರೋದ ಉಮರನ ಮಗ ಜೂದರ್ ಅನ್ನೋ ಬೆಸ್ತನೇ ಬೇಕು! ಮೂರು ಲೋಕ ಅಲ್ಲಾಡಿಸೋ ಅಣ್ಣತಮ್ಮಂದಿರು, ಅವತ್ತಿನ ರೊಟ್ಟಿಗೂ ಗತಿಯಿಲ್ಲದೆ ಅಂಗಡಿಯವನ ಹತ್ತಿರ ಸಾಲ ಹೇಳಿ ತಿನ್ನೋ ಒಬ್ಬ ಹುಡುಗನನ್ನ ಹುಡುಕಿಕೊಂಡು ಬರ್ತಾರೆ.

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಕೆ.ಆರ್. ನಗರದ ಕಪ್ಪಡಿಯಲ್ಲಿ ರಾಚಪ್ಪಾಜಿ ಗದ್ದುಗೆ ಇದೆ, ಜಾತ್ರೆಗೆ ಹೋದವರಿಗೆ ನೀಲಗಾರರ ಹಾಡು ಕೇಳಿ ಗೊತ್ತಿರುತ್ತೆ. ಮಂಟೇಸ್ವಾಮಿ ಕಾವ್ಯದಲ್ಲಿ ಜಗತ್ತನ್ನೇ ಬೆಳಗೋ ಗುರು ಮಂಟೇಸ್ವಾಮಿ, ಆದರೆ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣ ಬೇಡಿ ತರೋಕೆ ಹೋಗೋದು ಆಚಾರರ ಮನೆಯ ಹುಡುಗ ಕೆಂಪಾಚಾರಿ, ಅಂದರೆ ಸಿದ್ದಪ್ಪಾಜಿ. ಅಲ್ಲಿ ಪಾಡು ಪಡೋದೂ ಅವನೇ. ಅಜ್ಜಿ ಎರಡೂ ಕತೆಯನ್ನ ಒಂದೇ ರಾತ್ರಿ ಹೇಳಿದ್ದುಂಟು. ಅವಳಿಗೆ ಕೈರೋ ಬೇರೆ, ಹಲಗೂರು ಬೇರೆ ಅಂತ ಅನ್ನಿಸಿರಲಿಕ್ಕಿಲ್ಲ.

ಕೈರೋದಿಂದ ಹುಣಸೂರಿಗೆ ಕತೆ ಬಂದ ದಾರಿ ಕೇಳಿ. ಇಂಗ್ಲಿಷಿಗೆ ಲೇನ್ ತಂದ, ಬರ್ಟನ್ ತಂದ. ಆಮೇಲೆ ಮದರಾಸು. 1947ರ ಜುಲೈನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ತೆಲುಗು, ತಮಿಳಿನಲ್ಲಿ ಚಂದಮಾಮ ಶುರು ಮಾಡಿದರು. 1949ರಲ್ಲಿ ಕನ್ನಡಕ್ಕೂ ಬಂತು. ಇದೇ ಜೋಡಿ ವಿಜಯಾ ಪ್ರೊಡಕ್ಷನ್ಸ್‌ನಲ್ಲಿ 1951ರಲ್ಲಿ 'ಪಾತಾಳ ಭೈರವಿ', 1957ರಲ್ಲಿ 'ಮಾಯಾಬಜಾರ್' ತೆಗೆದದ್ದು. ಪಾತಾಳ ಭೈರವಿಯಲ್ಲೂ ಅದೇ ನೋಡಿ, ನೇಪಾಳದ ಮಾಂತ್ರಿಕನಿಗೆ ಶಕ್ತಿ ದಕ್ಕಬೇಕಾದರೆ ಬಲಿಗೆ ಒಬ್ಬ ಸಾಹಸಿ ಹುಡುಗ ಬೇಕು, ಸಿಕ್ಕೋನು ತೋಟದವಳ ಮಗ! ಆ ಮನೆಯವರಿಗೆ ಈ ಎಳೆ ಇಷ್ಟ ಇತ್ತು ಅಂತ ನನ್ನ ಅನುಮಾನ.

1952ರಿಂದ ಪತ್ರಿಕೆಯ ಅಡುಗೆಮನೆ ನೋಡಿಕೊಂಡವರು ಕೊಡವಟಿಗಂಟಿ ಕುಟುಂಬರಾವ್, ತೆಲುಗಿನ ದೊಡ್ಡ ಲೇಖಕರು. 1980ರಲ್ಲಿ ತೀರಿಕೊಳ್ಳೋವರೆಗೂ ಅಲ್ಲೇ ಇದ್ದರು. ಅದೇ 1952ರಲ್ಲಿ ಕೆಲಸಕ್ಕೆ ಸೇರಿದ ಇನ್ನೊಬ್ಬ ಹುಡುಗ ದಾಸರಿ ಸುಬ್ರಹ್ಮಣ್ಯಂ. ಆಗ ಅವರಿಗೆ ಇಪ್ಪತ್ತು ವರ್ಷ. ತೋಕಚುಕ್ಕ, ಮಕರದೇವತ, ಕಂಚುಕೋಟ, ಜ್ವಾಲಾದ್ವೀಪಂ, ರಾಕಾಸಿಲೋಯ, ಪಾತಾಳದುರ್ಗಂ... ನಮ್ಮಪ್ಪ ದೊಡ್ಡಪ್ಪಂದಿರ ಕಾಲದವರ ನಿದ್ದೆ ಕೆಡಿಸಿದ ಧಾರಾವಾಹಿಗಳನ್ನೆಲ್ಲ ಬರೆದದ್ದು ಅವರು. ಮೂವರು ಮಾಂತ್ರಿಕರೂ ಅವರದ್ದೇ. ಜೂದರ್ ಅವರ ಕೈಯಲ್ಲಿ ಪಿಂಗಳ ಆದ, ಅಣ್ಣಂದಿರು ಜೀವದತ್ತ ಲಕ್ಷದತ್ತ ಆದರು, ಮಗ್ರಿಬಿ ಮಾಂತ್ರಿಕ ಪದ್ಮಪಾದ ಆದ, ನಿಧಿ ಹೋಗಿ ಮಹಾಮಾಯನ ಸಮಾಧಿ ಬಂತು. ಇದನ್ನ ಬರೀ ಹೆಸರು ಬದಲಾವಣೆ ಅಂದರೆ ಅನ್ಯಾಯ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೋಡ್ ಎರವಲು, ಪ್ರಾಡಕ್ಟ್ ಹೊಸದು.

ಆದರೆ ಪುಟ ತಿರುಗಿಸಿ ಎಷ್ಟು ಹುಡುಕಿದರೂ ದಾಸರಿಯವರ ಹೆಸರು ಸಿಗೋಲ್ಲ. ಚಂದಮಾಮದಲ್ಲಿ ಧಾರಾವಾಹಿಗೆ ಲೇಖಕರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಸಂಪಾದಕರ ಜಾಗದಲ್ಲಿ ಕುಟುಂಬರಾಯರ ಹೆಸರೂ ಇಲ್ಲ, ಅಲ್ಲಿ ಚಕ್ರಪಾಣಿ. ತಿಂಗಳು ತಿಂಗಳು ಅದನ್ನ ಚೆಂದದ ಕನ್ನಡಕ್ಕೆ ತಂದವರ ಹೆಸರೂ ಕತೆಯ ಜೊತೆ ಇಲ್ಲ. ಹೆಸರಿದ್ದದ್ದು ಚಿತ್ರಕ್ಕೆ ಮಾತ್ರ, ಮೂಲೆಯಲ್ಲಿ 'ಚಿತ್ರಾ' ಅಂತ ಸಹಿ. ಟಿ.ವಿ. ರಾಘವನ್ ಅವರದ್ದು. ಶಂಕರ್ ಇದ್ದರು, ವಡ್ಡಾದಿ ಪಾಪಯ್ಯ ಇದ್ದರು. ನಮ್ಮ ಎಂ.ಟಿ.ವಿ. ಆಚಾರ್ಯರೂ ಇದ್ದರು, ಮುಖಪುಟಕ್ಕೆ ಮಹಾಭಾರತದ ಚಿತ್ರಗಳನ್ನ ಬರೆದು ಆಮೇಲೆ ಬೆಂಗಳೂರಿಗೆ ಬಂದು ಅಂಚೆಯಲ್ಲಿ ಚಿತ್ರಕಲೆ ಕಲಿಸಿದವರು. ಚಿತ್ರಗಳು ಎಲ್ಲ ಭಾಷೆಗೂ ಒಂದೇ, ಅನುವಾದ ಆ ಚಿತ್ರಗಳು ಬಿಟ್ಟ ಜಾಗದಲ್ಲಿ ಕೂರಬೇಕು. ಹತ್ತಕ್ಕೂ ಹೆಚ್ಚು ಭಾಷೆಯಲ್ಲಿ! ಒಂದು ಬಟನ್ನಿನ ಮೇಲೆ ಕನ್ನಡ ಪದ ಕೂರಿಸೋಕೆ ಒದ್ದಾಡಿರೋ ನನಗೆ ಆ ಹೆಸರಿಲ್ಲದವರ ಮೇಲೆ ಬಹಳ ಗೌರವ.

ದಾಸರಿ 2006ರವರೆಗೆ ಅಲ್ಲೇ ಕೆಲಸ ಮಾಡಿದರು. ಐವತ್ನಾಲ್ಕು ವರ್ಷ! ನಮ್ಮ ಕಾಲದಲ್ಲಿ ಐದು ವರ್ಷ ಒಂದು ಕಡೆ ಇದ್ದವನನ್ನ ಮ್ಯೂಸಿಯಮ್ಮಿನಲ್ಲಿ ಇಡ್ತಾರೆ. ಕೊನೆಗಾಲದಲ್ಲಿ ತೆಲುಗು ಅಭಿಮಾನಿಗಳು ಹುಡುಕಿ, ಇವರೇ ನಮ್ಮ ಬಾಲ್ಯದ ಆ ಲೇಖಕ ಅಂತ ಹೇಳಿಕೊಂಡರು. 2010ರ ಜನವರಿಯಲ್ಲಿ ತೀರಿಕೊಂಡರು. ಪತ್ರಿಕೆ 1998ರಲ್ಲಿ ಒಮ್ಮೆ ನಿಂತು ಮರುವರ್ಷ ಮತ್ತೆ ಎದ್ದಿತ್ತು. 2007ರಲ್ಲಿ ಮುಂಬೈಯ ಜಿಯೋಡೆಸಿಕ್ ಅನ್ನೋ ಸಾಫ್ಟ್‌ವೇರ್ ಕಂಪನಿ ಕೊಂಡಿತು. ಸಾಫ್ಟ್‌ವೇರಿನವರ ಕೈಗೆ ಬಂದ ಮೇಲೆ ಎಷ್ಟು ದಿನ ಬಾಳೀತು ಅಂತ ನೀವು ಅನ್ನಬಹುದು, ನಾನು ತಲೆತಗ್ಗಿಸಿ ಒಪ್ಪಿಕೊಳ್ತೀನಿ. 2013ರ ಹೊತ್ತಿಗೆ ಪೂರ್ತಿ ನಿಂತುಹೋಗಿತ್ತು.

ಈಗ ಮತ್ತೆ ನಮ್ಮ ಮನೆ ವಿಷಯ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ದೊಡ್ಡಪ್ಪ ಪಾಲಾದರು. ಬ್ಯಾರನ್ನು ಯಾರಿಗೆ, ಬೋರ್‌ವೆಲ್ ಯಾರಿಗೆ ಅಂತ ತಿಂಗಳುಗಟ್ಟಲೆ ಜಗಳ. ಆ ವರ್ಷ ಇಬ್ಬರೂ ಮಾತು ಬಿಟ್ಟು, ಸೊಪ್ಪು ಬೇಯಿಸೋಕೆ ಮಾತ್ರ ಒಂದೇ ಬ್ಯಾರನ್ನಿಗೆ ಬರ್ತಿದ್ದರು. ಪಂಚಾಯ್ತಿಗೆ ಕೂತ ದಿನ ಅಜ್ಜಿ ಬಾಗಿಲಲ್ಲಿ ನಿಂತು, ನನಗೂ ಒಂದು ಪಾಲು ಇಡ್ರಪ್ಪ ಅಂದಳು. ಊರಿನ ಹಿರಿಯರು ನಕ್ಕರು. ಹೆಣ್ಣಿಗೆಲ್ಲಿಯ ಪಾಲು, ಇದನ್ನ ಎಲ್ಲಿ ಕಲಿತೆ ಅಂತ ಕೇಳಿದ್ದಕ್ಕೆ, "ಕತೆಲಿ ಕೊಟ್ಟವ್ನೆ ಕನಪ್ಪ" ಅಂದಳಂತೆ. ಎಲ್ಲರೂ ಇನ್ನೂ ನಕ್ಕರು. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯಿದೆ ಬಂದು, ಪಾಲಾಗುವಾಗ ತಾಯಿಗೂ ಭಾಗ ಅಂತ ಆಗಿತ್ತು ಅನ್ನೋದು ಅಲ್ಲಿ ಕೂತಿದ್ದ ಯಾರಿಗೂ ಗೊತ್ತಿದ್ದ ಹಾಗಿಲ್ಲ. ಬರ್ಟನ್ ಓದುವಾಗ ನನಗೆ ಮೈ ಜುಮ್ಮೆಂದದ್ದು ಅದಕ್ಕೇ. ಕತೆ ಶುರುವಾಗೋದೇ ಹಾಗೆ: ವ್ಯಾಪಾರಿ ಉಮರ್ ಸಾಯೋ ಮುಂಚೆ ಆಸ್ತಿಯನ್ನ ನಾಲ್ಕು ಭಾಗ ಮಾಡ್ತಾನೆ. ಮೂರು ಮಕ್ಕಳಿಗೆ ಮೂರು, ಹೆಂಡತಿಗೆ ಒಂದು. ದೊಡ್ಡವರಿಬ್ಬರೂ ಕೋರ್ಟು ಕಚೇರಿಗೆ ಅಲೆದು ತಮ್ಮದನ್ನೂ ತಮ್ಮನದ್ದನ್ನೂ ಕಳೆದು, ಕೊನೆಗೆ ತಾಯಿಯನ್ನ ಹೊಡೆದು ಅವಳ ಭಾಗವನ್ನೂ ಕಿತ್ತುಕೊಳ್ತಾರೆ. ಅಜ್ಜಿಗೆ ಕೊನೆಗೆ ಅರ್ಧ ಎಕರೆ ಬಿಟ್ಟರು. ತೊರೆ ಪಕ್ಕದ್ದು. ಅಲ್ಲಿ ಅವಳು ಸಾಯೋವರೆಗೂ ಹೊಗೆಸೊಪ್ಪು ಹಾಕೋಕೆ ಬಿಡಲಿಲ್ಲ, ರಾಗಿ ಅವರೆ ಮಾತ್ರ.

ಅಜ್ಜಿ ನನಗೆ ಹೇಳ್ತಿದ್ದ ಕತೆ ಒಂದು ಕಡೆ ಮುಗೀತಿತ್ತು. ಹುಡುಗ ಕೇಳಿದ ಊಟ ಕೊಡೋ ಜೋಳಿಗೆ ಹೊತ್ತು ಮನೆಗೆ ಬರ್ತಾನೆ. ತಾಯಿ ಭಿಕ್ಷೆಗೆ ಕೂತಿರ್ತಾಳೆ. ಒಳಗೆ ಕರೆದುಕೊಂಡು ಹೋಗಿ, ಏನು ಬೇಕವ್ವ ಅಂತಾನೆ. ವಾಸನೆ ಹಿಡಿದು ಅಣ್ಣಂದಿರೂ ಬರ್ತಾರೆ, ತಲೆ ತಗ್ಗಿಸಿ ಬಾಗಿಲಲ್ಲಿ ನಿಲ್ತಾರೆ. ಬನ್ನಿ ಕೂತ್ಕಳಿ ಅಂತಾನೆ. ನಾಲ್ಕು ಜನ ಒಂದೇ ಪಂಕ್ತಿಯಲ್ಲಿ ಉಣ್ತಾರೆ. "ಅಷ್ಟೆ ಕನ ಮಗ, ಮನಿಕ" ಅಂತಿದ್ದಳು.

ಬರ್ಟನ್‌ನಲ್ಲಿ ಅದು ಅರ್ಧದಾರಿ ಅಷ್ಟೇ. ಆ ಊಟ ಮಾಡಿದ ಅಣ್ಣಂದಿರೇ ತಮ್ಮನನ್ನ ಸೂಯೆಜ್‌ನ ಹಡಗಿನ ಯಜಮಾನನಿಗೆ ಮಾರಿಬಿಡ್ತಾರೆ. ಅವನು ಹೇಗೋ ಬಿಡಿಸಿಕೊಂಡು, ಉಂಗುರದ ಜಿನ್ನಿಯ ಬಲದಿಂದ ಅರಮನೆ ಕಟ್ಟಿ, ಮತ್ತೆ ಅವರನ್ನ ಪಕ್ಕದಲ್ಲೇ ಕೂರಿಸಿಕೊಳ್ತಾನೆ. ಕೊನೆಗೆ ಅವರೇ ವಿಷ ಹಾಕಿ ಕೊಲ್ತಾರೆ. ಉಂಗುರಕ್ಕಾಗಿ ಒಬ್ಬ ಇನ್ನೊಬ್ಬನನ್ನ ಮುಗಿಸ್ತಾನೆ. ಉಳಿದವನಿಗೆ ಜೂದರನ ಹೆಂಡತಿ ವಿಷ ಕೊಟ್ಟು ಉಂಗುರ ಒಡೆದು ಹಾಕ್ತಾಳೆ. ಆ ಕಡೆ ಮಾಂತ್ರಿಕ ಅಣ್ಣತಮ್ಮಂದಿರಲ್ಲಿ ಇಬ್ಬರು ಕೆರೆಯಲ್ಲಿ ಸತ್ತರು, ಈ ಕಡೆ ಸಾಮಾನ್ಯರ ಮನೆಯಲ್ಲಿ ಒಬ್ಬನೂ ಉಳಿಯಲಿಲ್ಲ.

ತಾತನ ಕಟ್ಟು ತಿರುವಿ ಹಾಕಿದಾಗ ನನಗೊಂದು ವಿವರಣೆ ಸಿಕ್ಕಿತು ಅಂದುಕೊಂಡೆ. ಹೊಲಿಗೆ ಹಾಕಿದ ಸಂಚಿಕೆಗಳು ಪಿಂಗಳ ಮನೆಗೆ ಬರೋ ಹತ್ತಿರಕ್ಕೇ ಮುಗಿದಿದ್ದವು. ತಾತನಿಗೆ ಎಚ್.ಡಿ. ಕೋಟೆಯ ಕಾಡಂಚಿನ ಒಂದು ಸ್ಕೂಲಿಗೆ ವರ್ಗ ಆಗಿತ್ತು ಅಂತ ಕೇಳಿದ್ದೆ. ಅಲ್ಲಿಗೆ ಪುಸ್ತಕ ಬರ್ತಿರಲಿಲ್ಲವೇನೋ, ಪಾಪ ಅಜ್ಜಿಗೆ ಮುಂದಿನದು ಗೊತ್ತೇ ಇರಲಿಲ್ಲ. ಬೋಲ್ಟು ನಟ್ಟಿಗೆ ಸರಿಯಾಗಿ ಕೂತಹಾಗಾಯ್ತು ಅಂತ ಖುಷಿಯಲ್ಲಿ ಅಪ್ಪನಿಗೆ ಹೇಳಿದೆ.

ಅಪ್ಪ ಮಾತಾಡದೆ ಟ್ರಂಕಿನ ತಳದ ಹಳೇ ಪೇಪರ್ ಎತ್ತಿದರು. ಹೊಲಿಗೆ ಇಲ್ಲದ ಸಂಚಿಕೆಗಳು ಬಿಡಿಬಿಡಿಯಾಗಿ ಅಲ್ಲೇ ಇದ್ದವು. ಒಂದೊಂದರ ಮೇಲೂ ತಾತನ ಪೆನ್ಸಿಲ್ ಅಕ್ಷರ, ಓದಿ ಹೇಳಿದ ತಾರೀಖು.

"ನಮಗೆಲ್ಲ ಪೂರ್ತಿ ಹೇಳ್ತಿದ್ಲಲ್ಲೋ" ಅಂದರು ಅಪ್ಪ. "ಅಣ್ಣದೀರು ಮೋಸ ಮಾಡೋದೂ ಹೇಳ್ತಿದ್ಲು. ನಮ್ಮಣ್ಣ ಹೆದರಿ ನನ್ನ ಕೈ ಹಿಡ್ಕೊಂಡೇ ಕೇಳೋನು. ನಿನಗೆ ಯಾವಾಗಿಂದ ಅರ್ಧಕ್ಕೆ ನಿಲ್ಲಿಸಿದ್ಲೋ ಕಾಣೆ."

ಬಿಡಿ ಸಂಚಿಕೆಗಳನ್ನ ದೊಡ್ಡಪ್ಪನ ಮನೆಗೆ ತಗೊಂಡು ಹೋಗಿ ಕೊಟ್ಟು ಬಾ ಅಂತ ಅಪ್ಪ ನನ್ನನ್ನೇ ಕಳಿಸಿದರು.