ಗುರಿ ಕುರಿಯಾದ ಬಗೆ: ಕಂಪ್ಯೂಟರ್ ನೆನಪಿನ ಒಂದು ಚರಿತ್ರೆ

ಮನೆಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಹೊಸ ರ‍್ಯಾಮ್ ಹಾಕಿಸಿದವರು ಎದುರಿಸುವ ತೊಂದರೆಗಳು ಬಹುಮಟ್ಟಿಗೆ ಮೂರು ಬಗೆಯವು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಇಲ್ಲವೆ ಒಳಗಿನಿಂದ ಬೀಪ್ ಸದ್ದು ಕೆಲವು ಬಾರಿ ಕೇಳಿಬಂದು ಯಂತ್ರ ಅಲ್ಲಿಗೇ ನಿಂತುಬಿಡುತ್ತದೆ. ಮೂರನೆಯದು ಹೆಚ್ಚು ಅಪಾಯದ್ದು: ಎಲ್ಲವೂ ಸರಿಯಾಗಿದೆ ಎಂದು ನಂಬಿ ಹತ್ತು ದಿನ ಕೆಲಸ ಮಾಡಿದ ಮೇಲೆ ಕಡತವೊಂದು ತೆರೆಯಲು ಒಲ್ಲೆನೆನ್ನುತ್ತದೆ. ಅಹಮದಾಬಾದಿನ ರಿಲೀಫ್ ರಸ್ತೆಯಲ್ಲಾಗಲಿ, ವಡೋದರಾ ಸೂರತ್‌ಗಳ ರಿಪೇರಿ ಅಂಗಡಿಗಳಲ್ಲಾಗಲಿ ಇದಕ್ಕೆ ಸಿಗುವ ಉಪದೇಶ ಸುಮಾರಾಗಿ ಒಂದೇ. ಒಂದೊಂದನ್ನೇ ಹಾಕಿ ನೋಡಿ, ಕೊಳ್ಳುವುದಾದರೆ ಜೋಡಿಯನ್ನೇ ಕೊಳ್ಳಿ, ಅಂಚನ್ನು ಒರೆಸಿ ಮತ್ತೆ ಕೂರಿಸಿ, ವೇಗವನ್ನು ತಗ್ಗಿಸಿ.

ಮಂತ್ರದಂತೆ ಕೇಳುವ ಈ ಸೂತ್ರಗಳಲ್ಲಿ ಪ್ರತಿಯೊಂದಕ್ಕೂ ಹುಟ್ಟಿದ ಕಾಲವಿದೆ, ಕಾರಣವಿದೆ. ಯಾವುದೋ ದಶಕದಲ್ಲಿ ಯಾರೋ ಕೈಗೊಂಡ ತೀರ್ಮಾನದ ಫಲವನ್ನು ನಮ್ಮ ಮೇಜಿನ ಮೇಲಿನ ಯಂತ್ರ ಇಂದಿಗೂ ಉಣ್ಣುತ್ತಿದೆ. ಆ ಚರಿತ್ರೆಯನ್ನು ಬಲ್ಲವರಿಗೆ ದೋಷವನ್ನು ಹುಡುಕುವ ದಾರಿ ತಾನಾಗಿಯೇ ತಿಳಿಯುತ್ತದೆ. ಅದರ ಒಂದು ಎಳೆಯಂತೂ ಅಹಮದಾಬಾದಿನಲ್ಲೇ, ಕನ್ನಡ ನಾಡಿನ ನಂಟಿನೊಡನೆ, ಹಾದುಹೋಗುತ್ತದೆ.

ಮೊದಲು ನೆನಪಿನ ಸ್ವರೂಪವನ್ನು ನೋಡೋಣ. 1970ರ ದಶಕದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಐಬಿಎಂ 360/44 ಯಂತ್ರದ ನೆನಪು ತಂತಿಯಲ್ಲಿ ಪೋಣಿಸಿದ ಪುಟ್ಟ ಕಾಂತದ ಬಳೆಗಳಿಂದಾದದ್ದು. ಒಂದು ಬಳೆಗೆ ಒಂದು ಬಿಟ್. ವಿದ್ಯುತ್ತು ಹೋದರೂ ಬಳೆ ತನ್ನ ಪಾಠವನ್ನು ಮರೆಯುತ್ತಿರಲಿಲ್ಲ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಯೋಚಿಸಿದ ಮಾರ್ಗ ಇದಕ್ಕೆ ವಿರುದ್ಧವಾದದ್ದು. ಒಂದು ಟ್ರಾನ್ಸಿಸ್ಟರ್, ಒಂದು ಅತಿ ಸಣ್ಣ ಕೆಪಾಸಿಟರ್. ಅದರಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅಗ್ಗವಾದ, ಕಿರಿದಾದ ಈ ಕೊಡದ ದೋಷವೆಂದರೆ ಅದು ಸದಾ ಸೋರುತ್ತದೆ. ಆದ್ದರಿಂದ ಇಂದಿನ ರ‍್ಯಾಮ್‌ನಲ್ಲಿ ಪ್ರತಿಯೊಂದು ಬಿಟ್ಟನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆಯಾದರೂ ಓದಿ ಮತ್ತೆ ತುಂಬಲಾಗುತ್ತದೆ. ಬಿಸಿಯೇರಿದಷ್ಟೂ ಸೋರಿಕೆ ಹೆಚ್ಚು. ಚಿಪ್‌ನ ಉಷ್ಣತೆ 85 ಡಿಗ್ರಿ ದಾಟಿದರೆ ಈ ಮರುಪೂರಣವನ್ನು ಇಮ್ಮಡಿ ವೇಗದಲ್ಲಿ ನಡೆಸಬೇಕೆಂಬುದು ನಿಯಮ. 2016ರ ಮೇ 20ರಂದು 48 ಡಿಗ್ರಿ ಕಂಡ ಅಹಮದಾಬಾದಿನಲ್ಲಿ, ಧೂಳು ಕಟ್ಟಿದ ಪೆಟ್ಟಿಗೆಯೊಳಗೆ ಹೊಸ ಫಲಕವನ್ನು ಸಿಕ್ಕಿಸುವವರು ಮೊದಲು ಧೂಳನ್ನು ತೆಗೆಯುವುದು ಲೇಸು.

ಎರಡನೆಯ ಸಂಗತಿ ವಿಳಾಸದ್ದು. 1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಪಿಸಿಗೆ ಎಣಿಸಲು ಬರುತ್ತಿದ್ದುದು ಒಟ್ಟು 1024 ಕಿಲೋಬೈಟ್ ಮಾತ್ರ. ಅದರಲ್ಲಿ 640 ಪ್ರೋಗ್ರಾಮುಗಳಿಗೆ. ಉಳಿದ 384 ಪರದೆಗೆ, ಮೂಲ ತಂತ್ರಾಂಶಕ್ಕೆ, ಮತ್ತು ಮುಂದೆ ಸೇರಬಹುದಾದ ಕಾರ್ಡುಗಳಿಗೆ ಮೀಸಲು. ಹೊಸ ಕಾರ್ಡು ಬಂದಾಗ ಈ ಮೀಸಲು ಜಾಗದಲ್ಲಿ ಇಬ್ಬರಿಗೂ ಒಂದೇ ವಿಳಾಸ ಸಿಕ್ಕರೆ ಜಗಳ ಖಂಡಿತ. ಪುಟ್ಟ ಜಂಪರುಗಳನ್ನು ಕೈಯಿಂದಲೇ ಜರುಗಿಸಿ ರಾಜಿ ಮಾಡಿಸಬೇಕಿತ್ತು. ಆ ದಿನಗಳಲ್ಲಿ ಪಿಸಿಯ ಪರದೆಯ ಮೇಲೆ ಕನ್ನಡ ಮೂಡಿಸುವುದಕ್ಕೂ ಒಂದು ಕಾರ್ಡು ಬೇಕಾಗುತ್ತಿತ್ತೆಂಬುದನ್ನು ಈಗಿನ ತಲೆಮಾರು ನಂಬಲಾರದು. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಅಂಥದು: ನಮ್ಮ ಲಿಪಿಯೇ ಅಂದು ಹೊರಗಿನಿಂದ ಬಂದು ಸ್ಲಾಟ್ ಕೇಳುವ ಯಂತ್ರಾಂಶವಾಗಿತ್ತು.

ಈ ಮೀಸಲಾತಿಯ ನೆರಳು ಬಹುಕಾಲ ಉಳಿಯಿತು. 32 ಬಿಟ್‌ನ ವಿಂಡೋಸ್ ಇದ್ದ ಕಂಪ್ಯೂಟರಿಗೆ ನಾಲ್ಕು ಜಿಬಿ ಹಾಕಿಸಿದವರಿಗೆ ಪರದೆಯ ಮೇಲೆ ಮೂರು ಕಾಲು ಜಿಬಿಯಷ್ಟೇ ಕಾಣುತ್ತಿದ್ದುದು ಇದೇ ಕಾರಣಕ್ಕೆ. ಅಂಗಡಿಯವನು ಮೋಸ ಮಾಡಿರಲಿಲ್ಲ. 400 ಕೋಟಿ ಚಿಲ್ಲರೆ ವಿಳಾಸಗಳ ಮೇಲ್ತುದಿಯನ್ನು ಗ್ರಾಫಿಕ್ಸ್ ಕಾರ್ಡು ಮುಂತಾದವು ಮೊದಲೇ ಹಿಡಿದಿಟ್ಟಿದ್ದವು. 64 ಬಿಟ್‌ನ ವಿಂಡೋಸ್ ಬಂದ ಮೇಲೆ ಆ ಕೊರತೆ ನೀಗಿತು.

ಜೋಡಿಯಾಗಿ ಕೊಳ್ಳಬೇಕೆಂಬ ಸೂತ್ರದ ಮೂಲ ಸಿಮ್ ಎಂಬ ಫಲಕಗಳ ಕಾಲದಲ್ಲಿದೆ. 30 ಸಂಪರ್ಕಗಳ ಸಿಮ್ ಒಮ್ಮೆಗೆ ಎಂಟು ಬಿಟ್ ಮಾತ್ರ ನೀಡಬಲ್ಲದಾಗಿತ್ತು. ಹಾಗಾಗಿ 32 ಬಿಟ್ ಕೇಳುವ 486 ಪ್ರೊಸೆಸರಿಗೆ ನಾಲ್ಕು ಫಲಕ ಒಟ್ಟಿಗೆ ಬೇಕು. ಮುಂದೆ ಬಂದ 72 ಸಂಪರ್ಕಗಳ ಸಿಮ್ 32 ಬಿಟ್ ಕೊಟ್ಟಿತು. 64 ಬಿಟ್ ಕೇಳುವ ಪೆಂಟಿಯಮ್‌ಗೆ ಎರಡು ಬೇಕಾಯಿತು. ಇಂದಿನ ಡಿಮ್ ಒಂಟಿಯಾಗಿಯೂ ಕೆಲಸ ಮಾಡುತ್ತದೆ. ಜೋಡಿಯಿಂದ ಸಿಗುವ ಲಾಭ ಎರಡು ಕಾಲುವೆಗಳಲ್ಲಿ ಏಕಕಾಲಕ್ಕೆ ಹರಿಯುವ ವೇಗ.

ಅಂಚನ್ನು ಒರೆಸುವ ಸೂತ್ರವೂ ಅದೇ ಕಾಲದ್ದು. ಕೆಲವು ಸಿಮ್‌ಗಳ ಅಂಚಿಗೆ ತವರ, ಕೆಲವಕ್ಕೆ ಬಂಗಾರ. ಬಂಗಾರದ ಸ್ಲಾಟಿನಲ್ಲಿ ತವರದ ಫಲಕ ಕೂತರೆ, ಬಿಸಿಯಾಗಿ ತಣಿಯುವ ಸಣ್ಣ ಕದಲಿಕೆಯಲ್ಲಿ ತವರದ ಕಿಲುಬು ಬಂಗಾರಕ್ಕೆ ಮೆತ್ತಿಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ಚೆನ್ನಾಗಿದ್ದ ಯಂತ್ರ ಒಂದು ಬೆಳಗ್ಗೆ ತಡವರಿಸುತ್ತಿತ್ತು. ಈಗ ಎರಡೂ ಕಡೆ ಬಂಗಾರದ ಲೇಪವೇ. ಆದರೂ ಸೂರತ್‌ನಂತಹ ಕಡಲಿಗೆ ಹತ್ತಿರದ, ಬಟ್ಟೆಯ ನೂಲುಧೂಳು ಗಾಳಿಯಲ್ಲಿ ತೇಲುವ ಊರಿನಲ್ಲಿ ಫಲಕವನ್ನು ಕಿತ್ತು, ಮೆತ್ತನೆಯ ಒಣಬಟ್ಟೆಯಿಂದ ಒರೆಸಿ ಮರಳಿ ಕೂರಿಸುವುದು ಫಲ ಕೊಡುವ ಚಿಕಿತ್ಸೆ. ರಬ್ಬರಿನಿಂದ ಬಲವಾಗಿ ಉಜ್ಜಿದರೆ ತೆಳುವಾದ ಬಂಗಾರವೇ ಸವೆಯುತ್ತದೆ. ಚಳಿಗಾಲದ ಒಣಹವೆಯಲ್ಲಿ, ಅದರಲ್ಲೂ ಪಾಲಿಯೆಸ್ಟರ್ ಬಟ್ಟೆ ಉಟ್ಟವರು, ಫಲಕ ಮುಟ್ಟುವ ಮುನ್ನ ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು.

ಮುಂದಿನ ಘಟ್ಟದಲ್ಲಿ ಜೆಡೆಕ್ ಎಂಬ ಮಾನಕ ಸಂಸ್ಥೆ ಗೊಂದಲಕ್ಕೆ ಒಂದು ಶಿಸ್ತು ತಂದಿತು. 184 ಸಂಪರ್ಕಗಳ ಡಿಡಿಆರ್, 240ರ ಡಿಡಿಆರ್2 ಮತ್ತು ಡಿಡಿಆರ್3, 288ರ ಡಿಡಿಆರ್4 ಮತ್ತು ಡಿಡಿಆರ್5. ಸಂಪರ್ಕಗಳ ಸಂಖ್ಯೆ ಒಂದೇ ಆದರೂ ವೋಲ್ಟೇಜು ಬೇರೆ: ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5. ತಪ್ಪು ಫಲಕ ಕೂರದಂತೆ ಅಂಚಿನ ಕಚ್ಚನ್ನು ಪ್ರತಿ ಪೀಳಿಗೆಯಲ್ಲೂ ಬೇರೆ ಜಾಗದಲ್ಲಿ ಕೊರೆಯಲಾಗಿದೆ. ಬಲವಂತದಿಂದ ಒತ್ತುವವರನ್ನು ತಡೆಯುವ ಕಾವಲುಗಾರ ಆ ಕಚ್ಚು. ಫಲಕದ ಮೇಲೊಂದು ಕಿರುಚಿಪ್ ತನ್ನ ಗಾತ್ರವೆಷ್ಟು, ವೇಗವೆಷ್ಟು ಎಂಬ ಜಾತಕವನ್ನು ಮದರ್‌ಬೋರ್ಡಿಗೆ ಓದಿ ಹೇಳುತ್ತದೆ. 2007ರಲ್ಲಿ ಇಂಟೆಲ್ ತಂದ ಎಕ್ಸ್‌ಎಂಪಿ ಈ ಜಾತಕಕ್ಕೆ ಎರಡನೆಯ ಪುಟ ಸೇರಿಸಿತು: ಮಾನಕಕ್ಕಿಂತ ಹೆಚ್ಚಿನ ವೇಗ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದು ಬಹುಪಾಲು ಈ ಎರಡನೆಯ ಪುಟದ ವೇಗ. ಹಳೆಯದೊಂದು ಹೊಸದೊಂದು ಫಲಕ ಸೇರಿದಾಗ ಆ ವೇಗದಲ್ಲಿ ಎರಡೂ ಹೊಂದಿ ನಡೆಯುವ ಭರವಸೆಯನ್ನು ಯಾರೂ ಕೊಟ್ಟಿಲ್ಲ. ವೇಗ ತಗ್ಗಿಸಿ ಎಂಬ ಸೂತ್ರದ ಅರ್ಥ ಇಷ್ಟೇ: ಮೊದಲ ಪುಟಕ್ಕೆ ಮರಳಿ.

ಇಲ್ಲಿಯವರೆಗಿನವು ಯಂತ್ರ ತಾನೇ ತಿಳಿಸುವ ದೋಷಗಳು. ತಿಳಿಸದೆ ಇರುವ ದೋಷದ ಕಥೆ ಬೇರೆ. ಬೆಲ್ ಪ್ರಯೋಗಾಲಯದಲ್ಲಿ ವಾರಾಂತ್ಯದ ಲೆಕ್ಕಗಳು ಯಂತ್ರದ ತಪ್ಪಿನಿಂದ ಅರ್ಧಕ್ಕೇ ನಿಲ್ಲುತ್ತಿದ್ದುದನ್ನು ಕಂಡು ಬೇಸತ್ತ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ತಪ್ಪನ್ನು ಗುರುತಿಸಿ ತಿದ್ದಿಕೊಳ್ಳುವ ಸಂಕೇತಗಳನ್ನು ಪ್ರಕಟಿಸಿದರು. ಮೊದಲ ಐಬಿಎಂ ಪಿಸಿಯಲ್ಲಿ ಇದರ ಸರಳ ರೂಪವಾದ ಪ್ಯಾರಿಟಿ ಇತ್ತು. ಎಂಟು ಬಿಟ್‌ಗಳಿಗೆ ಸಾಕ್ಷಿಯಾಗಿ ಒಂಬತ್ತನೆಯದೊಂದು. ಲೆಕ್ಕ ತಪ್ಪಿದರೆ ಯಂತ್ರ ಆ ಕ್ಷಣವೇ ನಿಲ್ಲುತ್ತಿತ್ತು. ಒಂಬತ್ತರಲ್ಲಿ ಒಂದು ಚಿಪ್ ಉಳಿದರೆ ಅಷ್ಟು ದುಡ್ಡು ಉಳಿಯುತ್ತದೆ. ಬೆಲೆಯ ಪೈಪೋಟಿಯಲ್ಲಿ 1990ರ ದಶಕದ ನಡುವಿಗೆ ಮನೆಯ ಕಂಪ್ಯೂಟರುಗಳಿಂದ ಆ ಸಾಕ್ಷಿಯನ್ನು ಕೈಬಿಡಲಾಯಿತು. ತಪ್ಪು ತಿದ್ದುವ ಇಸಿಸಿ ರ‍್ಯಾಮ್ ಸರ್ವರುಗಳ ಸೊತ್ತಾಯಿತು. ಡಿಡಿಆರ್5 ಚಿಪ್‌ಗಳು ತಮ್ಮೊಳಗಿನ ತಪ್ಪನ್ನು ತಾವೇ ತಿದ್ದಿಕೊಳ್ಳುತ್ತವೆ ನಿಜ. ಚಿಪ್‌ನಿಂದ ಪ್ರೊಸೆಸರಿನವರೆಗಿನ ದಾರಿಗೆ ಆ ರಕ್ಷಣೆ ಒದಗುವುದಿಲ್ಲ.

ಇದರಿಂದ ಕನ್ನಡ ಓದುಗನಿಗೆ ಏನಾದೀತು? ಯೂನಿಕೋಡ್‌ನಲ್ಲಿ ಕಕಾರದ ಸಂಖ್ಯೆ 3221, ಗಕಾರದ್ದು 3223. ದ್ವಿಮಾನದಲ್ಲಿ ಬರೆದರೆ ಎರಡಕ್ಕೂ ಇರುವ ಅಂತರ ಒಂದೇ ಒಂದು ಬಿಟ್. ಆ ಬಿಟ್ ಮಗುಚಿದರೆ ಗುರಿ ಕುರಿಯಾಗುತ್ತದೆ, ಗಾಲ ಕಾಲವಾಗುತ್ತದೆ. ನಗು ತರಿಸುವ ತಪ್ಪು. ಆದರೆ 1 ಮತ್ತು 9 ಎಂಬ ಅಂಕಿಗಳ ನಡುವೆಯೂ ಇರುವುದು ಒಂದೇ ಬಿಟ್. ಸಂಘವೊಂದರ ಲೆಕ್ಕದ ಪುಸ್ತಕದಲ್ಲಿ 1000 ಹೋಗಿ 9000 ಆದರೆ ಯಾರೂ ನಗುವುದಿಲ್ಲ. ಕೆಟ್ಟ ನೆನಪಿನಿಂದ ಹಾದು ಡಿಸ್ಕ್ ಸೇರಿದ ತಪ್ಪು ಮರುದಿನ ನಕಲಿಗೂ, ಅದರ ನಕಲಿಗೂ ಹರಿಯುತ್ತದೆ. ಹೊರನಾಡಿನ ಕನ್ನಡಿಗರು ದಶಕಗಳ ಸ್ಮರಣಸಂಚಿಕೆ, ಭಾವಚಿತ್ರ, ಹಿರಿಯರ ಬರಹಗಳನ್ನು ಕೂಡಿಟ್ಟಿರುವುದು ಇಂತಹ ಮನೆಯ ಕಂಪ್ಯೂಟರುಗಳಲ್ಲೇ.

ಬಿಟ್ ಮಗುಚುವುದಾದರೂ ಏಕೆ? ಇಲ್ಲಿ ಕಥೆ ಅಹಮದಾಬಾದಿಗೆ ಮರಳುತ್ತದೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಅಭ್ಯಾಸ ಮಾಡಿದ ವಿಕ್ರಮ್ ಸಾರಾಭಾಯಿ, 1947ರಲ್ಲಿ ತಮ್ಮೂರಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದಾಗ ಮೊದಲು ಕೈಗೆತ್ತಿಕೊಂಡ ವಿಷಯಗಳಲ್ಲಿ ಅದೂ ಒಂದು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಬಳಿಗೆ ಬಂದು, ವಿಶ್ವಕಿರಣಗಳನ್ನೇ ಕುರಿತು ಸಂಶೋಧಿಸಿ, 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. 1975ರ ಆರ್ಯಭಟ ಉಪಗ್ರಹದ ನಾಯಕತ್ವ ಮುಂದಿನ ಕಥೆ. ನಕ್ಷತ್ರಲೋಕದಿಂದ ಬರುವ ಈ ಕಣಗಳಿಗೂ ಮೇಜಿನ ಮೇಲಿನ ಪೆಟ್ಟಿಗೆಗೂ ಸಂಬಂಧವಿದ್ದೀತೆಂದು ಆಗ ಯಾರೂ ಎಣಿಸಿರಲಿಲ್ಲ.

ಸಂಬಂಧ ಬೆಳಕಿಗೆ ಬಂದದ್ದು 1970ರ ದಶಕದ ಕೊನೆಗೆ. ಚಿಪ್‌ನ ಹೊದಿಕೆಯಲ್ಲಿದ್ದ ಅತ್ಯಲ್ಪ ಯುರೇನಿಯಂ ಥೋರಿಯಂಗಳ ಆಲ್ಫಾ ಕಣಗಳು ಬಿಟ್ಟುಗಳನ್ನು ಮಗುಚುತ್ತವೆಂದು ಇಂಟೆಲ್‌ನ ಮೇ ಮತ್ತು ವುಡ್ಸ್ 1978ರಲ್ಲಿ ತೋರಿಸಿದರು. ಮರುವರ್ಷ ಝೀಗ್ಲರ್ ಮತ್ತು ಲ್ಯಾನ್‌ಫರ್ಡ್ ವಿಶ್ವಕಿರಣಗಳೂ ಅದೇ ಕೆಲಸ ಮಾಡಬಲ್ಲವೆಂದು ಬರೆದರು. 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್ಬೇಕ್‌ನ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ 4096 ಮತಗಳು ಹೆಚ್ಚಾಗಿ ಬಂದಿದ್ದವು. ಎರಡನ್ನು ಹನ್ನೆರಡು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಹದಿಮೂರನೆಯ ಬಿಟ್ ಮಗುಚಿತ್ತು. ಕಿರಣವೇ ಕಾರಣವಿರಬಹುದೆಂಬ ಊಹೆ ಉಳಿಯಿತು.

ಹಾಗೆಂದು ನಮ್ಮ ಕಂಪ್ಯೂಟರ್ ನಿಂತಾಗಲೆಲ್ಲ ಆಕಾಶದತ್ತ ಬೆರಳು ತೋರುವಂತಿಲ್ಲ. ಗೂಗಲ್‌ನ ಸರ್ವರುಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ ಎರಡು ಸಂಗತಿಗಳನ್ನು ಹೇಳಿತು. ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಫಲಕಗಳಲ್ಲಿ ತಪ್ಪು ಕಾಣಿಸಿತ್ತು. ಆ ತಪ್ಪುಗಳಲ್ಲಿ ಹೆಚ್ಚಿನವು ಫಲಕದ ಸ್ವಂತ ದೋಷದಿಂದಲೇ ಬಂದಿರಬೇಕು. ಅಂದರೆ ಮತ್ತೆ ಮತ್ತೆ ಬರುವ ತಪ್ಪಿಗೆ ಕಾರಣ ಪೆಟ್ಟಿಗೆಯೊಳಗೇ ಇದೆ, ಹುಡುಕಿದರೆ ಸಿಗುತ್ತದೆ.

ಹುಡುಕುವ ಕ್ರಮ ಈಗ ಸ್ಪಷ್ಟ. ಪ್ಲಗ್ ಕಿತ್ತು, ಹೊಸ ಫಲಕವನ್ನು ತೆಗೆದು, ಹಳೆಯದೊಂದರಿಂದಲೇ ಯಂತ್ರ ನಡೆಯುವುದೇ ನೋಡಬೇಕು. ಆಗಲೂ ನಡೆಯದಿದ್ದರೆ ಬಹುಶಃ ಹೊಸ ರ‍್ಯಾಮ್ ನಿರಪರಾಧಿ. ಕೈಯಾಡಿಸುವಾಗ ಸಡಿಲಾದ ಗ್ರಾಫಿಕ್ಸ್ ಕಾರ್ಡನ್ನೋ ವಿದ್ಯುತ್ ತಂತಿಯನ್ನೋ ಸಂಶಯಿಸಬೇಕು. ನಡೆದರೆ ಹೊಸದನ್ನು ಒಂಟಿಯಾಗಿ ಅದೇ ಸ್ಲಾಟಿನಲ್ಲಿ, ಆಮೇಲೆ ಇನ್ನೊಂದರಲ್ಲಿ ಪರೀಕ್ಷಿಸಬೇಕು. ಫಲಕದ ದೋಷವೋ ಸ್ಲಾಟಿನದೋ ಇದರಿಂದ ಬೇರ್ಪಡುತ್ತದೆ. ಎರಡೂ ಒಂಟಿಯಾಗಿ ಚೆನ್ನಾಗಿದ್ದು ಜೊತೆಯಲ್ಲಿ ಜಗಳವಾಡಿದರೆ ಎಕ್ಸ್‌ಎಂಪಿಯನ್ನು ಆರಿಸಿ, ಮದರ್‌ಬೋರ್ಡಿನ ಬಯಾಸ್ ಹಳೆಯದಾಗಿದ್ದರೆ ಹೊಸತಾಗಿಸಬೇಕು. ಕೊನೆಯದಾಗಿ, ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಒಂದು ರಾತ್ರಿಯಿಡೀ ಓಡಿಸಬೇಕು. ಬೆಳಗ್ಗೆ ಒಂದೇ ಒಂದು ತಪ್ಪು ಕಂಡರೂ ಹೊಂದಿಕೆಯನ್ನು ತಗ್ಗಿಸಿ ಮತ್ತೊಮ್ಮೆ ಓಡಿಸಿ, ಆಗಲೂ ಕಂಡರೆ ಆ ಫಲಕವನ್ನು ಅಂಗಡಿಗೆ ಹಿಂದಿರುಗಿಸುವುದೇ ಸರಿ. ಈ ಪರೀಕ್ಷೆ ಮುಗಿಯುವವರೆಗೆ ಬೆಲೆಯುಳ್ಳ ಕಡತಗಳನ್ನು ಆ ಯಂತ್ರದಲ್ಲಿ ತೆರೆದು ತಿದ್ದಬಾರದು. ಹಳೆಯ ನಕಲನ್ನು ಅಳಿಸಿ ಹೊಸದನ್ನು ಇಡಲೂಬಾರದು.

ಅಹಮದಾಬಾದಿನ ಹೊರವಲಯದ ಸಾಣಂದ್‌ನಲ್ಲಿ ಅಮೆರಿಕದ ಮೈಕ್ರಾನ್ ಸಂಸ್ಥೆಯ ನೆನಪಿನ ಚಿಪ್ ಕಾರ್ಖಾನೆಯನ್ನು 2023ರ ಜೂನ್‌ನಲ್ಲಿ ಘೋಷಿಸಲಾಯಿತು, ಸೆಪ್ಟೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಯೋಜನೆಯ ಒಟ್ಟು ವೆಚ್ಚ 275 ಕೋಟಿ ಡಾಲರುಗಳವರೆಗೆ. ಚಿಪ್‌ನ ಬಿಲ್ಲೆಗಳು ಹುಟ್ಟುವುದು ಬೇರೆಡೆ. ಅವನ್ನು ಕತ್ತರಿಸಿ, ಜೋಡಿಸಿ, ಪರೀಕ್ಷಿಸುವುದು ಇಲ್ಲಿಯ ಕೆಲಸ. ದೊಡ್ಡ ಕಾರ್ಖಾನೆಯೊಂದರ ಮುಖ್ಯ ಕಾಯಕಗಳಲ್ಲಿ ಒಂದು ಪರೀಕ್ಷೆ ಎಂಬುದು ಗಮನಿಸಬೇಕಾದ ಮಾತು. ಒಂಬತ್ತನೆಯ ಚಿಪ್ಪಿನೊಡನೆ ಮನೆಯ ಯಂತ್ರ ಬಿಟ್ಟುಕೊಟ್ಟ ಸಾಕ್ಷಿಯ ಹೊಣೆ ಈಗ ಬಳಸುವವರ ಮೇಲಿದೆ, ಮತ್ತು ಅದನ್ನು ಹೊರಲು ಬೇಕಾದದ್ದು ಒಂದು ರಾತ್ರಿಯ ತಾಳ್ಮೆ.