ಪರ್ಡ್ಯೂ ರೈಲು ದುರಂತ

ಪರ್ಡ್ಯೂ ರೈಲು ದುರಂತವು 1903ರ ಅಕ್ಟೋಬರ್ 31ರ ಶನಿವಾರ ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್‌ನಲ್ಲಿ ಸಂಭವಿಸಿದ ರೈಲು ಅಪಘಾತ. ಇಂಡಿಯಾನಾ ವಿಶ್ವವಿದ್ಯಾಲಯದ ವಿರುದ್ಧದ ವಾರ್ಷಿಕ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕಾಗಿ ಪರ್ಡ್ಯೂ ವಿಶ್ವವಿದ್ಯಾಲಯದ ತಂಡವನ್ನೂ ಅದರ ಬೆಂಬಲಿಗರನ್ನೂ ಕರೆದೊಯ್ಯುತ್ತಿದ್ದ ವಿಶೇಷ ರೈಲು, ನಗರದ 18ನೇ ಬೀದಿಯ ಸಮೀಪ ಕಲ್ಲಿದ್ದಲು ಗಾಡಿಗೆ ಡಿಕ್ಕಿ ಹೊಡೆಯಿತು. ಮೃತಪಟ್ಟ 17 ಮಂದಿಯಲ್ಲಿ 14 ಮಂದಿ ತಂಡದ ಆಟಗಾರರು. ಹೊರ ಊರಿನ ಪಂದ್ಯಕ್ಕೆ ಹೊರಟ ಕಾಲೇಜು ತಂಡವೊಂದು ದಾರಿಯಲ್ಲೇ ಬಹುಪಾಲು ಇಲ್ಲವಾದ ಘಟನೆಗಳಲ್ಲಿ ಇದು ಬಹಳ ಹಳೆಯದು. ವಿಶೇಷ ರೈಲು ಬರುತ್ತಿರುವ ಸಂದೇಶ ಮುಂದಿನ ಯಾರ್ಡಿಗೆ ತಲುಪದೆ ಹೋದದ್ದು ಅಪಘಾತದ ಮುಖ್ಯ ಕಾರಣವಾಗಿತ್ತು.

ಹಿನ್ನೆಲೆ

ಪರ್ಡ್ಯೂ ವಿಶ್ವವಿದ್ಯಾಲಯವು ಇಂಡಿಯಾನಾ ರಾಜ್ಯದ ವಾಯವ್ಯ ಭಾಗದಲ್ಲಿ, ವಾಬಾಶ್ ನದಿಯ ದಂಡೆಯ ಲಫಾಯೆಟ್ ಪಟ್ಟಣಕ್ಕೆ ಹೊಂದಿಕೊಂಡಿದೆ. 1869ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಕೃಷಿ ಮತ್ತು ಎಂಜಿನಿಯರಿಂಗ್ ಶಿಕ್ಷಣಕ್ಕೆ ಹೆಸರಾಗಿತ್ತು. ಇಂಡಿಯಾನಾ ವಿಶ್ವವಿದ್ಯಾಲಯವು ರಾಜ್ಯದ ದಕ್ಷಿಣ ಭಾಗದ ಬ್ಲೂಮಿಂಗ್ಟನ್ ಪಟ್ಟಣದಲ್ಲಿದೆ. ಎರಡೂ ಸಂಸ್ಥೆಗಳು ಫುಟ್‌ಬಾಲ್ ಅಂಗಳದಲ್ಲಿ ಮೊದಲ ಬಾರಿ ಎದುರಾದದ್ದು 1891ರಲ್ಲಿ. ಒಂದೇ ರಾಜ್ಯದ, ಒಂದೇ ಸರಕಾರದ ಅನುದಾನಕ್ಕೆ ಕೈಚಾಚುವ ಎರಡು ಸಂಸ್ಥೆಗಳ ನಡುವಿನ ಈ ಪಂದ್ಯ ಕೆಲವೇ ವರ್ಷಗಳಲ್ಲಿ ಇಡೀ ರಾಜ್ಯ ಕಾಯುವ ಸಂದರ್ಭವಾಯಿತು.

ಇಲ್ಲಿ ಫುಟ್‌ಬಾಲ್ ಎಂದರೆ ಕರ್ನಾಟಕದಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿಕೊಂಡು ಮುನ್ನುಗ್ಗುವ ಆಟವದು. ಆ ಕಾಲದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮದಲ್ಲಿ ಅವಕಾಶವಿರಲಿಲ್ಲ. ಅದು ದೊರೆತದ್ದು 1906ರಲ್ಲಿ. ಆದ್ದರಿಂದ ಆಟವೆಂದರೆ ಬಹುಮಟ್ಟಿಗೆ ಗುಂಪಿಗೆ ಗುಂಪು ಎದುರಾಗುವ ನೂಕಾಟವಾಗಿತ್ತು.

1903ರ ಪಂದ್ಯವನ್ನು ಇಂಡಿಯಾನಾಪೊಲಿಸ್‌ನಲ್ಲಿ ಏರ್ಪಡಿಸಲಾಗಿತ್ತು. ನಗರವು ಲಫಾಯೆಟ್ ಮತ್ತು ಬ್ಲೂಮಿಂಗ್ಟನ್‌ಗಳ ನಡುವೆ ಇದೆ. ಲಫಾಯೆಟ್‌ನಿಂದ ಅಲ್ಲಿಗೆ ಸುಮಾರು 100 ಕಿ.ಮೀ. ದೂರ. ಹೀಗಾಗಿ ಪಂದ್ಯ ಎರಡೂ ತಂಡಗಳಿಗೆ ಪರಸ್ಥಳದ್ದೇ ಆಗಿತ್ತು, ಎರಡೂ ಕಡೆಯ ವಿದ್ಯಾರ್ಥಿಗಳು ಪ್ರಯಾಣ ಮಾಡಬೇಕಿತ್ತು.

ವಿಶೇಷ ರೈಲುಗಳು

ಮೋಟಾರು ವಾಹನಗಳು ಇನ್ನೂ ಅಪರೂಪವಾಗಿದ್ದ ಆ ದಿನಗಳಲ್ಲಿ ಪರಸ್ಥಳದ ಪಂದ್ಯಕ್ಕೆ ಹೋಗುವ ಸಾಮಾನ್ಯ ವಿಧಾನ ವಿಶೇಷ ರೈಲು. ವೇಳಾಪಟ್ಟಿಯಲ್ಲಿಲ್ಲದ ಇಂತಹ ಗಾಡಿಗಳನ್ನು ರೈಲ್ವೆ ಕಂಪನಿಗಳು ಪಂದ್ಯದ ದಿನಕ್ಕಷ್ಟೇ ಓಡಿಸುತ್ತಿದ್ದವು. ತಂಡ, ತರಬೇತುದಾರರು, ವಾದ್ಯವೃಂದ, ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಊರಿನ ವರ್ತಕರು ಒಂದೇ ಗಾಡಿಯಲ್ಲಿ ಹೊರಟು, ಪಂದ್ಯ ಮುಗಿಸಿ, ಅದೇ ದಿನ ಹಿಂದಿರುಗುವುದು ರೂಢಿ.

ಪರ್ಡ್ಯೂ ತಂಡದ ಪ್ರಯಾಣಕ್ಕೆ ‘ಬಿಗ್ ಫೋರ್’ ಎಂದು ಪ್ರಸಿದ್ಧವಾಗಿದ್ದ ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ, ಶಿಕಾಗೊ ಮತ್ತು ಸೇಂಟ್ ಲೂಯಿಸ್ ರೈಲ್ವೆ ಎರಡು ವಿಶೇಷ ರೈಲುಗಳನ್ನು ಒದಗಿಸಿತ್ತು. ಎರಡರಲ್ಲೂ ಸೇರಿ ಸುಮಾರು 1,500 ಪ್ರಯಾಣಿಕರಿದ್ದರು. ಮೊದಲ ರೈಲಿನಲ್ಲಿ ಎಂಜಿನ್ನಿನ ಹಿಂದಿನ ಮೊದಲನೆಯ ಬೋಗಿಯನ್ನು ಆಟಗಾರರು ಮತ್ತು ತಂಡದ ಸಿಬ್ಬಂದಿಗೆ ಮೀಸಲಿಡಲಾಗಿತ್ತು. ವಾದ್ಯವೃಂದ ಮತ್ತು ಬೆಂಬಲಿಗರು ಹಿಂದಿನ ಬೋಗಿಗಳಲ್ಲಿದ್ದರು. ವಿಶ್ವವಿದ್ಯಾಲಯದ ಅಧ್ಯಕ್ಷ ವಿನ್‌ತ್ರಾಪ್ ಸ್ಟೋನ್ ಕೂಡ ಪ್ರಯಾಣಿಕರಲ್ಲಿ ಒಬ್ಬರು. ಎರಡನೆಯ ರೈಲು ಕೆಲವು ನಿಮಿಷಗಳ ಅಂತರದಲ್ಲಿ ಅದೇ ಹಳಿಯ ಮೇಲೆ ಹಿಂಬಾಲಿಸುತ್ತಿತ್ತು.

ಅಪಘಾತ

ಬೆಳಗ್ಗೆ ಸುಮಾರು 10 ಗಂಟೆಯ ವೇಳೆಗೆ ಮೊದಲ ರೈಲು ಇಂಡಿಯಾನಾಪೊಲಿಸ್ ನಗರದ ಅಂಚನ್ನು ಪ್ರವೇಶಿಸಿತು. 18ನೇ ಬೀದಿಯ ಬಳಿ ವಿದ್ಯುತ್ ಸ್ಥಾವರವೊಂದರ ಪಕ್ಕದಲ್ಲಿ ಹಳಿಯು ತಿರುವು ಪಡೆಯುತ್ತಿದ್ದುದರಿಂದ ಮುಂದಿನ ದಾರಿ ಚಾಲಕನಿಗೆ ಕಾಣುತ್ತಿರಲಿಲ್ಲ. ತಿರುವು ದಾಟುತ್ತಿದ್ದಂತೆಯೇ, ಕಲ್ಲಿದ್ದಲು ತುಂಬಿದ ಗಾಡಿಯೊಂದು ಮುಖ್ಯ ಹಳಿಯ ಮೇಲೆ ನಿಧಾನವಾಗಿ ಹಿಮ್ಮುಖವಾಗಿ ಬರುತ್ತಿರುವುದು ಎದುರಾಯಿತು. ಚಾಲಕನು ಎಂಜಿನ್ನನ್ನು ಹಿಮ್ಮುಖಕ್ಕೆ ತಿರುಗಿಸಿ ಹೊರಕ್ಕೆ ಜಿಗಿದನು. ಆದರೆ ಗಾಡಿಯನ್ನು ನಿಲ್ಲಿಸುವಷ್ಟು ದೂರ ಉಳಿದಿರಲಿಲ್ಲ.

ಡಿಕ್ಕಿಯ ರಭಸಕ್ಕೆ ಮರದಿಂದ ಮಾಡಿದ್ದ ಮೊದಲನೆಯ ಬೋಗಿ ನುಚ್ಚುನೂರಾಯಿತು. ಎಂಜಿನ್ನಿನ ಹಾಗೂ ಅದರ ಇಂಧನ ಬಂಡಿಯ ಭಾರ ಒಂದು ಕಡೆ, ಹಿಂದಿನಿಂದ ನುಗ್ಗಿದ ಬೋಗಿಗಳ ಭಾರ ಇನ್ನೊಂದು ಕಡೆ. ಇವೆರಡರ ನಡುವೆ ಸಿಲುಕಿದ್ದು ಆಟಗಾರರ ಬೋಗಿ. ಹಿಂದಿನ ಬೋಗಿಗಳಲ್ಲಿಯೂ ಕೆಲವು ಹಳಿ ತಪ್ಪಿದವು, ಅನೇಕರು ಗಾಯಗೊಂಡರು. ಆದರೆ ಮೃತರೆಲ್ಲರೂ ಮೊದಲನೆಯ ಬೋಗಿಯಲ್ಲಿದ್ದವರು.

ರಕ್ಷಣಾ ಕಾರ್ಯ

ಹಿಂದಿನ ಬೋಗಿಗಳಿಂದ ಇಳಿದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಮೀಪದ ನಿವಾಸಿಗಳು ಮೊದಲ ರಕ್ಷಕರಾದರು. ಪಂದ್ಯ ನೋಡಲು ಹೊರಟವರು ತಮ್ಮದೇ ಸಹಪಾಠಿಗಳನ್ನು ಅವಶೇಷಗಳಡಿಯಿಂದ ಎತ್ತಬೇಕಾಯಿತು. ಇದೇ ವೇಳೆ ಇನ್ನೊಂದು ಅಪಾಯ ಸಮೀಪಿಸುತ್ತಿತ್ತು: ಎರಡನೆಯ ವಿಶೇಷ ರೈಲು ಅದೇ ಹಳಿಯ ಮೇಲೆ, ಅದೇ ಕುರುಡು ತಿರುವಿನ ಕಡೆಗೆ ಬರುತ್ತಿತ್ತು. ಕೆಲವರು ಹಳಿಗುಂಟ ಹಿಂದಕ್ಕೆ ಓಡಿ ಆ ರೈಲನ್ನು ತಡೆದರು. ಅವರು ತಡೆಯದೇ ಹೋಗಿದ್ದರೆ, ನೂರಾರು ಪ್ರಯಾಣಿಕರಿದ್ದ ಎರಡನೆಯ ಗಾಡಿ ರಕ್ಷಣಾ ಕಾರ್ಯ ನಡೆಯುತ್ತಿದ್ದ ಸ್ಥಳಕ್ಕೇ ನುಗ್ಗುವ ಸಂಭವವಿತ್ತು.

ಗಾಯಾಳುಗಳನ್ನು ನಗರದ ಆಸ್ಪತ್ರೆಗಳಿಗೂ ಮೃತದೇಹಗಳನ್ನು ಶವಾಗಾರಗಳಿಗೂ ಸಾಗಿಸಲಾಯಿತು. ತೀವ್ರವಾಗಿ ಗಾಯಗೊಂಡಿದ್ದ ಮೀಸಲು ಆಟಗಾರ ವಾಲ್ಟರ್ ಬೇಲಿ, ಮೊದಲು ಇತರರನ್ನು ನೋಡಿಕೊಳ್ಳಿ ಎಂದು ತನಗೆ ಬಂದ ನೆರವನ್ನು ನಿರಾಕರಿಸಿದುದು ವಿಶ್ವವಿದ್ಯಾಲಯದ ನೆನಪಿನಲ್ಲಿ ಉಳಿದಿದೆ. ಅವರು ಮುಂದೆ ಆ ಗಾಯಗಳಿಂದಲೇ ಅಸುನೀಗಿದರು. ಆಟಗಾರರ ಜೊತೆಗೆ ಸಹಾಯಕ ತರಬೇತುದಾರ, ತಂಡದ ದೈಹಿಕ ತರಬೇತುದಾರ ಮತ್ತು ತಂಡದ ಅಭಿಮಾನಿಯಾಗಿದ್ದ ಲಫಾಯೆಟ್‌ನ ವರ್ತಕರೊಬ್ಬರು ಪ್ರಾಣ ಕಳೆದುಕೊಂಡರು.

ಕಾರಣಗಳು

ಆಗಿನ ಅಮೆರಿಕದ ರೈಲು ಮಾರ್ಗಗಳಲ್ಲಿ ಗಾಡಿಗಳ ಸಂಚಾರವು ಮುದ್ರಿತ ವೇಳಾಪಟ್ಟಿ ಮತ್ತು ತಂತಿ ಸಂದೇಶಗಳನ್ನು ಅವಲಂಬಿಸಿತ್ತು. ನಿತ್ಯದ ಗಾಡಿಗಳ ಸಮಯ ಎಲ್ಲ ಸಿಬ್ಬಂದಿಗೂ ತಿಳಿದಿರುತ್ತಿತ್ತು; ಯಾರ್ಡಿನ ಎಂಜಿನ್ನುಗಳು ಅವುಗಳ ನಡುವಿನ ಬಿಡುವಿನಲ್ಲಿ ಮುಖ್ಯ ಹಳಿಯನ್ನು ಬಳಸಿ ಸರಕು ಬಂಡಿಗಳನ್ನು ಸ್ಥಳಾಂತರಿಸುತ್ತಿದ್ದವು. ವಿಶೇಷ ರೈಲು ವೇಳಾಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಅದರ ಬರವನ್ನು ದಾರಿಯುದ್ದಕ್ಕೂ ಪ್ರತಿ ನಿಲ್ದಾಣಕ್ಕೂ ಯಾರ್ಡಿಗೂ ಪ್ರತ್ಯೇಕವಾಗಿ ತಿಳಿಸಬೇಕಿತ್ತು. ಈ ಸರಪಣಿಯ ಒಂದು ಕೊಂಡಿ ಕಳಚಿದರೂ ಸಾಕು, ಮುಂದಿನವರ ಪಾಲಿಗೆ ಹಳಿ ಖಾಲಿ ಇದ್ದಂತೆಯೇ.

ಅಕ್ಟೋಬರ್ 31ರಂದು ಆದದ್ದು ಅದೇ. ವಿಶೇಷ ರೈಲುಗಳು ಬರುತ್ತಿರುವ ವಿಷಯ ಕಲ್ಲಿದ್ದಲು ಗಾಡಿಯನ್ನು ನಡೆಸುತ್ತಿದ್ದ ಯಾರ್ಡಿನವರಿಗೆ ತಲುಪಿರಲಿಲ್ಲ. ತಿರುವಿನಿಂದಾಗಿ ದೃಷ್ಟಿಗೆ ಅಡ್ಡಿ ಉಂಟಾದದ್ದು ಮತ್ತು ಮರದ ಬೋಗಿಯ ದುರ್ಬಲ ರಚನೆ ಹಾನಿಯನ್ನು ಹೆಚ್ಚಿಸಿದವು. ಉಕ್ಕಿನ ಪ್ರಯಾಣಿಕ ಬೋಗಿಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ನಂತರದ ವರ್ಷಗಳಲ್ಲಿ. ರೈಲು ಅಪಘಾತಗಳನ್ನು ತನಿಖೆ ಮಾಡುವ ಅಧಿಕಾರ ಒಕ್ಕೂಟ ಸರಕಾರದ ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ದೊರೆತದ್ದೂ 1910ರ ಕಾಯ್ದೆಯ ಮೂಲಕ.

ಇಡೀ ತಂಡವನ್ನು ಒಂದೇ ಬೋಗಿಯಲ್ಲಿ ಕೂರಿಸಿದ್ದುದರಿಂದ ನಷ್ಟವೂ ಒಂದೇ ಕಡೆ ಕೇಂದ್ರೀಕೃತವಾಯಿತು. ಎಂಜಿನ್ನಿಗೆ ಹತ್ತಿರದ ಬೋಗಿ ಎದುರು ಡಿಕ್ಕಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡ ಸ್ಥಾನ.

ಹ್ಯಾರಿ ಲೆಸ್ಲಿ

ಬದುಕುಳಿದವರಲ್ಲಿ ಹೆಚ್ಚು ಪ್ರಸಿದ್ಧರು ‘ಸ್ಕೀಟ್ಸ್’ ಎಂಬ ಅಡ್ಡಹೆಸರಿನ ಆಟಗಾರ ಹ್ಯಾರಿ ಲೆಸ್ಲಿ (1878–1937). ಸ್ಥಳದಲ್ಲಿ ಅವರು ಮೃತಪಟ್ಟಿದ್ದಾರೆಂದು ಭಾವಿಸಿ ದೇಹವನ್ನು ಶವಾಗಾರಕ್ಕೆ ಸಾಗಿಸಲಾಗಿತ್ತು. ಅಲ್ಲಿ ದೇಹವನ್ನು ಅಂತ್ಯಸಂಸ್ಕಾರಕ್ಕೆ ಸಿದ್ಧಗೊಳಿಸಲು ಹೊರಟವರು ನಾಡಿ ಇನ್ನೂ ಮಿಡಿಯುತ್ತಿರುವುದನ್ನು ಗಮನಿಸಿದರು. ಕೆಲವು ವಾರಗಳ ಕಾಲ ಪ್ರಜ್ಞೆಯಿಲ್ಲದೆ ಮಲಗಿದ್ದ ಲೆಸ್ಲಿ ಚೇತರಿಸಿಕೊಂಡರು, ಆದರೆ ನಡೆಯಲು ಜೀವನಪೂರ್ತಿ ಊರುಗೋಲನ್ನು ಆಶ್ರಯಿಸಬೇಕಾಯಿತು. ವಕೀಲರಾಗಿ, ಬಳಿಕ ರಾಜಕಾರಣಿಯಾಗಿ ಬೆಳೆದ ಅವರು 1929ರಿಂದ 1933ರವರೆಗೆ ಇಂಡಿಯಾನಾ ರಾಜ್ಯದ ಗವರ್ನರ್ ಆಗಿದ್ದರು.

ಪರಿಣಾಮ

ಇಂಡಿಯಾನಾಪೊಲಿಸ್‌ನ ಪಂದ್ಯವೂ ಆ ಋತುವಿನಲ್ಲಿ ಪರ್ಡ್ಯೂ ಆಡಬೇಕಿದ್ದ ಉಳಿದ ಪಂದ್ಯಗಳೂ ರದ್ದಾದವು. ತಂಡವನ್ನು ಮತ್ತೆ ಕಟ್ಟುವ ಹೊಣೆ ತರಬೇತುದಾರ ಆಲಿವರ್ ಕಟ್ಸ್ ಮೇಲೆ ಬಿತ್ತು. 1904ರಲ್ಲಿ ಅವರ ಮಾರ್ಗದರ್ಶನದಲ್ಲಿ ಆಡಿದ ತಂಡ ಒಂಬತ್ತು ಪಂದ್ಯಗಳನ್ನು ಗೆದ್ದು ಮೂರರಲ್ಲಿ ಸೋತಿತು; ಗೆದ್ದವುಗಳಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯವೂ ಸೇರಿತ್ತು. 1925ರಿಂದ ಈ ಎರಡು ತಂಡಗಳು ‘ಓಲ್ಡ್ ಓಕನ್ ಬಕೆಟ್’ ಎಂಬ ಓಕ್ ಮರದ ಹಳೆಯ ನೀರಿನ ಬಕೆಟ್ಟನ್ನು ಪಾರಿತೋಷಕವಾಗಿ ಪಣಕ್ಕಿಟ್ಟು ಆಡುತ್ತಿವೆ. ಆ ವರ್ಷದ ಪಂದ್ಯ ಸಮಬಲದಲ್ಲಿ ಅಂತ್ಯಗೊಂಡಿತ್ತು.

ಸ್ಮಾರಕಗಳು

ಮೃತರ ನೆನಪಿಗಾಗಿ ವಿಶ್ವವಿದ್ಯಾಲಯದ ಆವರಣದಲ್ಲಿ ‘ಮೆಮೋರಿಯಲ್ ಜಿಮ್ನೇಷಿಯಂ’ ಎಂಬ ವ್ಯಾಯಾಮಶಾಲೆಯನ್ನು ಕಟ್ಟಲಾಯಿತು. ಅದು 1909ರಲ್ಲಿ ಪೂರ್ಣಗೊಂಡಿತು. ಕಟ್ಟಡದ ಪ್ರವೇಶದ್ವಾರಕ್ಕೆ ಏರುವ ಮೆಟ್ಟಿಲುಗಳು 17. ಪ್ರತಿಯೊಂದೂ ಮೃತರಲ್ಲಿ ಒಬ್ಬೊಬ್ಬರನ್ನು ಸಂಕೇತಿಸುತ್ತದೆ. ಕಾಲಾಂತರದಲ್ಲಿ ಕಟ್ಟಡವನ್ನು ಕಂಪ್ಯೂಟರ್ ವಿಜ್ಞಾನ ವಿಭಾಗಕ್ಕೆ ನೀಡಲಾಯಿತು. 2006ರಲ್ಲಿ ಅದಕ್ಕೆ ಫೆಲಿಕ್ಸ್ ಹಾಸ್ ಭವನ ಎಂದು ಹೆಸರಿಡಲಾಯಿತು. ದುರಂತದ ಶತಮಾನದ ವರ್ಷವಾದ 2003ರಲ್ಲಿ ರಾಸ್–ಏಡ್ ಕ್ರೀಡಾಂಗಣದಲ್ಲಿ ಆಟಗಾರರು ಅಂಗಳಕ್ಕೆ ಬರುವ ಸುರಂಗ ಮಾರ್ಗವನ್ನು ಮೃತರ ಸ್ಮರಣೆಗೆ ಅರ್ಪಿಸಲಾಯಿತು. ಹೀಗಾಗಿ ಪರ್ಡ್ಯೂ ತಂಡ ತವರಿನ ಪಂದ್ಯಗಳಿಗೆ 1903ರಲ್ಲಿ ಅಂಗಳ ತಲುಪದೇ ಹೋದವರ ಸ್ಮಾರಕವನ್ನು ಹಾದು ಬರುವಂತಾಯಿತು.

ಪರ್ಡ್ಯೂ ಮತ್ತು ರೈಲು

ದುರಂತಕ್ಕೆ ಒಳಗಾದ ವಿಶ್ವವಿದ್ಯಾಲಯದ ಗುರುತು ರೈಲಿನೊಂದಿಗೇ ಬೆಸೆದುಕೊಂಡಿದೆ. 1891ರಲ್ಲಿ ಇಲ್ಲಿನ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ನಿಜವಾದ ಉಗಿ ಎಂಜಿನ್ನನ್ನು ಸ್ಥಾಪಿಸಿ, ಅದನ್ನು ನಿಂತಲ್ಲೇ ಓಡಿಸಿ ಪರೀಕ್ಷಿಸುವ ವ್ಯವಸ್ಥೆ ಮಾಡಲಾಗಿತ್ತು. ಅದೇ ವರ್ಷ ಪರ್ಡ್ಯೂ ಆಟಗಾರರಿಗೆ ‘ಬಾಯ್ಲರ್‌ಮೇಕರ್ಸ್’, ಅಂದರೆ ಬಾಯ್ಲರ್ ತಯಾರಿಸುವವರು, ಎಂಬ ಹೆಸರು ಬಿತ್ತು. ಎದುರಾಳಿಗಳ ಕಡೆಯವರು ಹೀಗಳೆಯಲು ಬಳಸಿದ ಈ ಪದವನ್ನು ವಿದ್ಯಾರ್ಥಿಗಳು ಹೆಮ್ಮೆಯಿಂದ ತಮ್ಮದಾಗಿಸಿಕೊಂಡರು.

ತಂಡದ ಅಧಿಕೃತ ಲಾಂಛನವೂ ರೈಲು ಎಂಜಿನ್ನಿನ ಆಕಾರದ ವಾಹನ. ‘ಬಾಯ್ಲರ್‌ಮೇಕರ್ ಸ್ಪೆಷಲ್’ ಎಂಬ ಹೆಸರಿನ ಇದು ಹಳಿಯ ಮೇಲಲ್ಲ, ರಸ್ತೆಯ ಮೇಲೆ ಓಡುತ್ತದೆ. 1940ರಲ್ಲಿ ಮೊದಲ ವಾಹನ ಬಳಕೆಗೆ ಬಂದಿತು. ಹಳತಾದಂತೆ ಹೊಸವು ಅದರ ಸ್ಥಾನ ಪಡೆದಿವೆ. ರೀಮರ್ ಕ್ಲಬ್ ಎಂಬ ವಿದ್ಯಾರ್ಥಿ ಸಂಘ ಇದರ ನಿರ್ವಹಣೆ ನೋಡಿಕೊಳ್ಳುತ್ತದೆ. ಪರಸ್ಥಳದ ಪಂದ್ಯಗಳಿಗೂ ವಿದ್ಯಾರ್ಥಿಗಳು ಈ ವಾಹನವನ್ನು ಹೆದ್ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಬೆಂಬಲಿಗರ ಪ್ರಯಾಣವೂ ಕಾಲಕ್ರಮೇಣ ರೈಲಿನಿಂದ ರಸ್ತೆಗೆ ಬದಲಾಯಿತು. ವಿಶೇಷ ರೈಲು ಸಾಗಿದ ಲಫಾಯೆಟ್–ಇಂಡಿಯಾನಾಪೊಲಿಸ್ ನಡುವಿನ ದೂರವನ್ನು ಈಗ ಅಂತರರಾಜ್ಯ ಹೆದ್ದಾರಿ 65ರಲ್ಲಿ ಕಾರುಗಳು ಕ್ರಮಿಸುತ್ತವೆ.

ಇದೇ ಬಗೆಯ ಇತರ ದುರಂತಗಳು

ಪಂದ್ಯಕ್ಕೆ ಹೋಗುವಾಗ ಅಥವಾ ಹಿಂದಿರುಗುವಾಗ ಕಾಲೇಜು ತಂಡಗಳು ಅಪಘಾತಕ್ಕೆ ಸಿಲುಕಿದ ಘಟನೆಗಳು ನಂತರವೂ ಸಂಭವಿಸಿದವು. ಪ್ರಯಾಣದ ಸಾಧನ ಬದಲಾದಂತೆ ಅಪಘಾತದ ಸ್ವರೂಪವೂ ಬದಲಾಯಿತು.

• 1927ರ ಜನವರಿ 22ರಂದು ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಪ್ರಯಾಣಿಸುತ್ತಿದ್ದ ಬಸ್ಸಿಗೆ ರೌಂಡ್ ರಾಕ್ ಎಂಬಲ್ಲಿ ರೈಲು ಬಡಿದು ಹತ್ತು ಮಂದಿ ಮೃತಪಟ್ಟರು. ತಂಡವು ಆಸ್ಟಿನ್ ನಗರದ ಪಂದ್ಯಕ್ಕೆ ಹೊರಟಿತ್ತು.

• 1960ರ ಅಕ್ಟೋಬರ್ 29ರಂದು ಓಹಾಯೊ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ಆಡಿ ಹಿಂದಿರುಗುತ್ತಿದ್ದ ಕ್ಯಾಲಿಫೋರ್ನಿಯದ ಕ್ಯಾಲ್ ಪಾಲಿ ಫುಟ್‌ಬಾಲ್ ತಂಡದ ವಿಮಾನ ಟೊಲಿಡೊ ನಿಲ್ದಾಣದಿಂದ ಮಂಜಿನಲ್ಲಿ ಮೇಲೇರುವಾಗ ಪತನಗೊಂಡಿತು. ಮೃತಪಟ್ಟ 22 ಮಂದಿಯಲ್ಲಿ 16 ಮಂದಿ ಆಟಗಾರರು.

• 1970ರ ಅಕ್ಟೋಬರ್ 2ರಂದು ಯೂಟಾದ ಪಂದ್ಯಕ್ಕೆ ಹೊರಟಿದ್ದ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಎರಡು ವಿಮಾನಗಳಲ್ಲಿ ಒಂದು ಕೊಲೊರಾಡೊದ ಪರ್ವತ ಪ್ರದೇಶದಲ್ಲಿ ಪತನಗೊಂಡು 31 ಮಂದಿ ಮೃತಪಟ್ಟರು.

• 1970ರ ನವೆಂಬರ್ 14ರಂದು ಉತ್ತರ ಕ್ಯಾರೊಲಿನಾದಲ್ಲಿ ಈಸ್ಟ್ ಕ್ಯಾರೊಲಿನಾ ತಂಡದ ವಿರುದ್ಧ ಆಡಿ ಮರಳುತ್ತಿದ್ದ ಮಾರ್ಷಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ವಿಮಾನ ಪಶ್ಚಿಮ ವರ್ಜೀನಿಯದ ಹಂಟಿಂಗ್ಟನ್ ಬಳಿ ಪತನಗೊಂಡಿತು. ಅದರಲ್ಲಿದ್ದ ಎಲ್ಲ 75 ಮಂದಿಯೂ ಮೃತಪಟ್ಟರು.

ಪರ್ಡ್ಯೂ ದುರಂತದಂತೆಯೇ ಇವುಗಳಲ್ಲಿ ಹೆಚ್ಚಿನವುಗಳಲ್ಲಿ ತಂಡದ ಬಹುಪಾಲು ಒಂದೇ ವಾಹನದಲ್ಲಿತ್ತು. ಪರ್ಡ್ಯೂ ಮತ್ತು ವಿಚಿಟಾ ಪ್ರಕರಣಗಳಲ್ಲಿ ಪ್ರಯಾಣಿಕರನ್ನು ಎರಡು ಗಾಡಿಗಳಿಗೆ ಅಥವಾ ಎರಡು ವಿಮಾನಗಳಿಗೆ ಹಂಚಿದ್ದರಿಂದ ಉಳಿದವರು ಪಾರಾದರು. ಮಾರ್ಷಲ್ ಪ್ರಕರಣದಲ್ಲಿ ತರಬೇತುದಾರರೂ ಆಟಗಾರರೂ ಬೆಂಬಲಿಗರೂ ಒಂದೇ ವಿಮಾನದಲ್ಲಿದ್ದರು.